ಒಂದೇ ಸಲ ಮೊಟ್ಟೆ ಇಡುವ ಆಕ್ಟೋಪಸ್

10 ಜೂನ್ 2024, ಸೋಮವಾರ
ಮಂಜೇಶ್ವರ

ನಿನ್ನೆ ಮಧ್ಯರಾತ್ರಿಯಿಂದ ಕೇರಳದಲ್ಲಿ ಟ್ರಾಲಿಂಗ್ (ಬೋಟಿನ ಹಿಂದೆ ದೊಡ್ಡ ಬಲೆ ಎಳೆದು ಮೀನು ಹಿಡಿಯುದು) ನಿಷೇಧ, ಜುಲೈ 31ರ ವರೆಗೆ, ಒಟ್ಟು 52 ದಿನ. ತಲಪಾಡಿ ದಾಟಿದ್ರೆ ಕರ್ನಾಟಕದಲ್ಲಿ ಜೂನ್ 1ಕ್ಕೇ ಶುರು ಆಗಿದೆ. ಹಾರ್ಬರಿನಲ್ಲಿ ಬೋಟುಗಳು ಸಾಲಾಗಿ ನಿಂತಿವೆ, ಮಳೆ ಬಿಟ್ಟು ಬಿಟ್ಟು ಬರ್ತಾ ಉಂಟು. ಇವತ್ತು ಬರೀಲಿಕ್ಕೆ ಕೂತದ್ದು ಮಾತ್ರ ನಮ್ಮ ಕಡಲಿಗೆ ತಂದು ಬಿಟ್ರೆ ಬದುಕಲಿಕ್ಕೇ ಆಗದ ಒಂದು ಪ್ರಾಣಿಯ ಬಗ್ಗೆ, ಜೈಂಟ್ ಪೆಸಿಫಿಕ್ ಆಕ್ಟೋಪಸ್.

ತಂಗಿಯ ಮಗ ಕೆನಡಾದ ವಿಕ್ಟೋರಿಯಾದಲ್ಲಿ ಓದುದು, ಅಲ್ಲಿ ಡೈವಿಂಗ್ ಕಲಿತಿದ್ದಾನೆ, ಅವ ಮೊನ್ನೆ ಒಂದು ವಿಡಿಯೋ ಕಳಿಸಿದ. ಬಂಡೆಯಡಿಯ ಒಂದು ಮಾಟೆ, ಒಳಗೆ ಟಾರ್ಚ್ ಬಿದ್ದಾಗ ಮೊದಲು ಕಾಣುದು ಒಂದು ರಾಶಿ ಬೂದಿ ಬಣ್ಣದ ಚರ್ಮ, ಅಲ್ಲಲ್ಲಿ ಸುಲಿದ ಹಾಗೆ. "ಮಾವ, ನಾನು ಫಸ್ಟ್ ಸತ್ತದ್ದೇ ಅಂತ ಗ್ರಹಿಸಿದೆ" ಅಂದ. ಆಮೇಲೆ ನೋಡಿದ್ರೆ ಅದು ನೀರು ಹೊರಗೆ ಬಿಡುವ ಕೊಳವೆ ಮೆಲ್ಲ ಹಿಗ್ಗಿ ಕುಗ್ಗಿ ಆಗ್ತಾ ಉಂಟು, ಮೇಲ್ಗಡೆಗೆ ನೀರು ಊದ್ತಾ ಉಂಟು. ಆ ನೀರಿಗೆ ಮಾಟೆಯ ಛಾವಣಿಯಿಂದ ಇಳಿಬಿಟ್ಟ ಮೊಟ್ಟೆ ಸರಗಳು ಅಲ್ಲಾಡ್ತವೆ, ಮಲ್ಲಿಗೆ ಮೊಗ್ಗನ್ನು ಒತ್ತೊತ್ತಾಗಿ ಕಟ್ಟಿ ತೂಗಿಹಾಕಿದ ಹಾಗೆಯೇ. ವಿಡಿಯೋ ನಿಲ್ಲಿಸಿ ಝೂಮ್ ಮಾಡಿ ನೋಡಿದೆ, ಒಂದೊಂದು ಮೊಟ್ಟೆಯೊಳಗೂ ಎರಡು ಕಪ್ಪು ಚುಕ್ಕೆ. ಕಣ್ಣು. ಅಂದ್ರೆ ಮರಿ ಹೊರಗೆ ಬರ್ಲಿಕ್ಕೆ ಹೆಚ್ಚು ದಿನ ಇಲ್ಲ, ತಾಯಿಗೂ ಹೆಚ್ಚು ದಿನ ಇಲ್ಲ.

ಹೈಸ್ಕೂಲು ಮಕ್ಕಳಿಗೆ ಬಯಾಲಜಿ ಹೇಳುವವ ನಾನು, ಮೃದ್ವಂಗಿ ಅಂತ ಪಾಠ ಬರುವಾಗ ಆಕ್ಟೋಪಸ್‌ಗೆ ಮೂರು ಹೃದಯ, ನೀಲಿ ರಕ್ತ ಅಂತ ಹೇಳಿ ಮುಂದೆ ಹೋಗುದು ಎಲ್ಲರೂ ಮಾಡುದೇ. ಆದ್ರೆ ಈ ಪ್ರಾಣಿಯ ಇಡೀ ಆಯುಷ್ಯವನ್ನು ಒಟ್ಟಿಗೆ ಇಟ್ಟು ನೋಡಿದ್ರೆ ಮಾತ್ರ ಅದನ್ನು ಹಿಡಿಯುವ ವಿಷಯ ಸರಿಯಾಗಿ ಅರ್ಥ ಆಗುದು, ಅದಕ್ಕೇ ಇಷ್ಟು ಉದ್ದ ಬರೀತಾ ಇದ್ದೇನೆ.

ವೈಜ್ಞಾನಿಕ ಹೆಸರು ಎಂಟರೊಕ್ಟೋಪಸ್ ಡೊಫ್ಲೈನಿ, 1910ರಲ್ಲಿ ವುಲ್ಕರ್ ಎಂಬವರು ವಿವರಿಸಿದ್ದು, ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಡೊಫ್ಲೈನ್ ಅವರ ಗೌರವಕ್ಕೆ ಇಟ್ಟ ಹೆಸರು. ಕ್ಯಾಲಿಫೋರ್ನಿಯಾದಿಂದ ಮೇಲೆ ಅಲಾಸ್ಕ, ಅಲ್ಲಿಂದ ಸುತ್ತಿಕೊಂಡು ರಷ್ಯಾದ ಕಂಚಾಟ್ಕ, ಜಪಾನಿನ ಹೊಕ್ಕೈಡೊ, ಕೊರಿಯಾ, ಹೀಗೆ ಉತ್ತರ ಪೆಸಿಫಿಕ್ಕಿನ ಅಂಚು ಪೂರ್ತಿ ಅದರ ಊರು. ಆಕ್ಟೋಪಸ್‌ಗಳಲ್ಲೇ ಅತಿ ದೊಡ್ಡದು, ದೊಡ್ಡದಾದ್ರೆ 50 ಕೆಜಿ ವರೆಗೆ ತೂಗ್ತದೆ, ಜೀವಂತ ಹಿಡಿದು ತೂಗಿದ್ರಲ್ಲಿ ನಂಬಬಹುದಾದ ದಾಖಲೆ 71 ಕೆಜಿ. ಹೆಣ್ಣಿಗೆ ಒಂದು ಕೈಗೆ ಸುಮಾರು 280 ಸಕ್ಕರ್ (ಅಂಟಿ ಹಿಡಿಯುವ ಬಟ್ಟಲು), ಎಂಟು ಕೈಗೆ ಲೆಕ್ಕ ಹಾಕಿದ್ರೆ 2,240. ಗಂಡಿಗೆ ಅಷ್ಟಿಲ್ಲ, ಅದರ ಬಲಬದಿಯ ಮೂರನೇ ಕೈಯ ತುದಿಯಲ್ಲಿ ಸಕ್ಕರ್ ಇರುದಿಲ್ಲ, ವೀರ್ಯದ ಚೀಲವನ್ನು ಹೆಣ್ಣಿಗೆ ದಾಟಿಸುದು ಆ ಕೈಯಿಂದ. ಆ ಚೀಲವೇ ಒಂದು ಮೀಟರ್ ಉದ್ದ ಇರ್ತದೆ.

ಇಷ್ಟು ದೊಡ್ಡ ದೇಹ, ಬದುಕುದು ಮಾತ್ರ ಮೂರರಿಂದ ಐದು ವರ್ಷ. ಏಡಿ, ಮರುವಾಯಿ, ಚಿಪ್ಪು ತಿಂದು ತಿಂದು ಬೇಗ ಬೇಗ ಬೆಳೀತದೆ, ತಿಂದ ಚಿಪ್ಪನ್ನೆಲ್ಲ ಮಾಟೆಯ ಬಾಯಲ್ಲೇ ರಾಶಿ ಹಾಕ್ತದೆ. ಡೈವರ್‌ಗಳು ಮಾಟೆ ಹುಡುಕುದೇ ಆ ರಾಶಿ ನೋಡಿ. ರಕ್ತ ನೀಲಿ ಯಾಕೆ ಅಂದ್ರೆ ನಮ್ಮ ಕಬ್ಬಿಣದ ಬದಲಿಗೆ ಅದರಲ್ಲಿ ತಾಮ್ರ ಇರುವ ಹೀಮೋಸಯನಿನ್ ಉಂಟು. ತಣ್ಣೀರಿನಲ್ಲಿ ಆಕ್ಸಿಜನ್ ಜಾಸ್ತಿ ಕರಗ್ತದೆ, ದೇಹಕ್ಕೆ ಬೇಕಾದ್ದೂ ಕಮ್ಮಿ, ಅಲ್ಲಿಗೆ ಆ ರಕ್ತ ಸಾಕು. ನೀರು ಬಿಸಿ ಆದ ಹಾಗೆ ಸಿಗುದು ಕಡಿಮೆ, ಬೇಕಾದ್ದು ಜಾಸ್ತಿ. ನಮ್ಮ ಮಂಜೇಶ್ವರದ 28, 29 ಡಿಗ್ರಿ ನೀರು ಅದಕ್ಕೆ ಸಾವೇ.

ಈಗ ಮೊಟ್ಟೆಯ ವಿಷಯ. ಹೆಣ್ಣು ಜೀವಮಾನದಲ್ಲಿ ಒಂದೇ ಸಲ ಮೊಟ್ಟೆ ಇಡುದು, ಹತ್ತಾರು ಸಾವಿರ, ಒಂದೊಂದೂ 6ರಿಂದ 8 ಮಿಲಿಮೀಟರ್. ಆಮೇಲೆ ಐದಾರು ತಿಂಗಳು, ನೀರು ಇನ್ನೂ ತಣ್ಣಗಿದ್ರೆ ಅದಕ್ಕಿಂತಲೂ ಹೆಚ್ಚು, ಆ ಮಾಟೆ ಬಿಟ್ಟು ಕದಲುದಿಲ್ಲ, ಒಂದು ಏಡಿ ಕೂಡ ತಿನ್ನುದಿಲ್ಲ, ಸಕ್ಕರ್‌ನಿಂದ ಮೊಟ್ಟೆ ಒರಸುದು, ಪಾಚಿ ಹಿಡಿಯದ ಹಾಗೆ ನೋಡುದು, ನೀರು ಊದುದು ಇಷ್ಟೇ ಕೆಲಸ, ಮೈಯ ಮಾಂಸವೇ ಕರಗಿ ಕರಗಿ ಬಣ್ಣ ಹೋಗಿ ಕೊನೆಗೆ ಮರಿ ಹೊರಡುವ ಹೊತ್ತಿಗೆ ಸಾಯ್ತದೆ. ಗಂಡೂ ಕೂಡಿದ ಕೆಲವು ತಿಂಗಳಿಗೇ ಸಾಯುದು. ಇದು ಬರೀ ಹಸಿವಿನಿಂದ ಆಗುವ ಸಾವು ಅಲ್ಲ. 1977ರಲ್ಲಿ ಜೆರೋಮ್ ವೊಡಿನ್ಸ್ಕಿ ಎಂಬ ವಿಜ್ಞಾನಿ ಇನ್ನೊಂದು ಜಾತಿಯ ಆಕ್ಟೋಪಸ್‌ನಲ್ಲಿ ಕಣ್ಣಿನ ಹಿಂದೆ ಇರುವ ಆಪ್ಟಿಕ್ ಗ್ರಂಥಿಯನ್ನು ತೆಗೆದು ನೋಡಿದ್ರು, ತಾಯಿ ಮೊಟ್ಟೆ ಬಿಟ್ಟು ಎದ್ದಿತು, ತಿನ್ಲಿಕ್ಕೆ ಶುರು ಮಾಡಿತು, ಎಷ್ಟೋ ಕಾಲ ಹೆಚ್ಚು ಬದುಕಿತು. ಸಾಯುವ ಆಜ್ಞೆ ದೇಹದೊಳಗೇ ಬರೆದಿಟ್ಟದ್ದು.

ತಣ್ಣೀರು ಈ ಕಾಯುವಿಕೆಯನ್ನು ಎಷ್ಟು ಎಳೀತದೆ ಅಂತ ನೋಡ್ಬೇಕಾದ್ರೆ ಇನ್ನೂ ಆಳಕ್ಕೆ ಹೋಗ್ಬೇಕು. ಕ್ಯಾಲಿಫೋರ್ನಿಯಾದ ಮಾಂಟೆರೆ ಕಣಿವೆಯಲ್ಲಿ ಸುಮಾರು 1,400 ಮೀಟರ್ ಕೆಳಗೆ, ನೀರು ಮೂರು ಡಿಗ್ರಿ ಆಸುಪಾಸು, ಗ್ರನೆಲೆಡೋನ್ ಎಂಬ ಜಾತಿಯ ಒಂದೇ ತಾಯಿಯನ್ನು 2007ರಿಂದ 2011ರ ವರೆಗೆ ಯಂತ್ರದ ಕ್ಯಾಮರಾದಿಂದ ಮತ್ತೆ ಮತ್ತೆ ಹೋಗಿ ನೋಡಿದ್ದಾರೆ, 53 ತಿಂಗಳು ಅದೇ ಬಂಡೆ, ಅದೇ ಮೊಟ್ಟೆ. ಈ ಲೆಕ್ಕ ಓದಿ ನಾನು ಸುಮಾರು ಹೊತ್ತು ಬೇರೆ ಏನೂ ಓದ್ಲಿಲ್ಲ.

ಹಿಡಿಯುವ ವಿಷಯಕ್ಕೆ ಬರ್ತೇನೆ. ಹೊಕ್ಕೈಡೊದಲ್ಲಿ ಈ ಆಕ್ಟೋಪಸ್‌ಗೆ ಮಿಜುದಾಕೊ ಅಂತಾರೆ, ಅಲ್ಲಿ ಅದು ದೊಡ್ಡ ಮೀನುಗಾರಿಕೆ. ಒಂದು ಕ್ರಮದಲ್ಲಿ ಉದ್ದ ಹಗ್ಗಕ್ಕೆ ಮರದ ಪೆಟ್ಟಿಗೆಗಳನ್ನು ಕಟ್ಟಿ ತಳಕ್ಕೆ ಇಳಿಸ್ತಾರೆ, ಎರೆ ಇಲ್ಲ, ಬಾಗಿಲಿಲ್ಲ, ಆಕ್ಟೋಪಸ್ ತಾನಾಗಿಯೇ ಮಾಟೆ ಅಂತ ಗ್ರಹಿಸಿ ಒಳಗೆ ಹೋಗಿ ಕೂರ್ತದೆ, ಮೇಲೆ ಎಳೆಯುವಾಗಲೂ ಓಡುದಿಲ್ಲ, ಇನ್ನೂ ಗಟ್ಟಿಯಾಗಿ ಒಳಗೇ ಅಂಟಿಕೊಳ್ತದೆ. ಇನ್ನೊಂದು ಕ್ರಮ ನೋಡ್ಲಿಕ್ಕೆ ಬಹಳ ಚಂದ, ಗಾಳ ಇರುವ ಹಗ್ಗವನ್ನು ತೇಲುವ ಪೀಪಾಯಿಗೆ ಕಟ್ಟಿ ನೀರಿನ ಸೆಳೆತಕ್ಕೆ ಬಿಡುದು, ಹತ್ತಾರು ಪೀಪಾಯಿ ಒಟ್ಟಿಗೆ ತೇಲುವಾಗ ಯಾವುದೋ ಒಂದು ಹಿಂದೆ ಬಿದ್ರೆ ಅದರಡಿಗೆ ಆಕ್ಟೋಪಸ್ ಹಿಡಿದಿದೆ ಅಂತ ಲೆಕ್ಕ. ಎರೆ ಇಲ್ಲದ ಗಾಳಗಳನ್ನು ತಳಕ್ಕೆ ತಾಗಿದ ಹಾಗೆ ಸಾಲಾಗಿ ಇಳಿಸಿ ಮೈಗೆ ಸಿಕ್ಕಿಸುವ ಕ್ರಮವೂ ಉಂಟು, ಅದು ನನಗೆ ಸರಿ ಕಾಣುದಿಲ್ಲ, ಗಾಯ ಆದದ್ದನ್ನು ಬಿಟ್ರೆ ಏನು ಪ್ರಯೋಜನ. ಅಲಾಸ್ಕದಲ್ಲಿ ಅದನ್ನೇ ಹುಡುಕಿ ಹೋಗುವವರು ಕಡಿಮೆ, ಕಾಡ್ ಮೀನಿಗೆ ಇಟ್ಟ ಕಬ್ಬಿಣದ ಪಂಜರಕ್ಕೆ ತಿನ್ಲಿಕ್ಕೆ ನುಗ್ಗಿ ಸಿಕ್ಕಿಬೀಳುದು, ಸಿಕ್ಕಿದ್ದರಲ್ಲಿ ಒಂದಷ್ಟು ಹಾಲಿಬಟ್ ಮೀನಿಗೆ ಎರೆಯಾಗಿ ಹೋಗ್ತದೆ. ಪಂಜರದಿಂದ ವಾಪಸ್ ಬಿಟ್ಟದ್ದು ಹೆಚ್ಚಿನವು ಬದುಕ್ತವೆ.

ನನಗೆ ಮುಖ್ಯ ಅನಿಸುದು ಈ ಮಾತೇ. ಬಂಗುಡೆಯೋ ಮತ್ತಿಯೋ ಒಂದು ಸಲ ಮೊಟ್ಟೆ ಇಟ್ಟು ಬದುಕಿ ಉಳಿದ್ರೆ ಇನ್ನೊಂದು ಸಲ ಇಡ್ತದೆ. ಈ ಪ್ರಾಣಿಗೆ ಎರಡನೇ ಸಲ ಇಲ್ಲ. ಮೊಟ್ಟೆ ಇಡುವ ಮೊದಲು ಹಿಡಿದ ಹೆಣ್ಣು ಅಂದ್ರೆ ಆ ಹೆಣ್ಣಿನ ಲೆಕ್ಕ ಪೂರ್ತಿ ಸೊನ್ನೆ, ಹತ್ತಾರು ಸಾವಿರ ಮೊಟ್ಟೆಯಲ್ಲಿ ಸರಾಸರಿ ಎರಡು ದೊಡ್ಡದಾದ್ರೆ ಸಾಕು ಸಂತತಿ ನಿಲ್ಲಲಿಕ್ಕೆ, ಆ ಎರಡೂ ಇಲ್ಲ. ಹಾಗಾಗಿ ಎಷ್ಟು ಟನ್ ಹಿಡಿದ್ರು ಅನ್ನುದಕ್ಕಿಂತ ಹಿಡಿದದ್ದು ಜೀವಂತ ಬಂತಾ, ಸಣ್ಣದನ್ನು ವಾಪಸ್ ಬಿಡ್ಲಿಕ್ಕೆ ಆಗ್ತದಾ ಅನ್ನುದು ದೊಡ್ಡ ಪ್ರಶ್ನೆ. ಪೆಟ್ಟಿಗೆ, ಪಂಜರ ಎರಡರಲ್ಲೂ ಆಗ್ತದೆ. ಇನ್ನೊಂದು ವಿಷಯ, ಮೊಟ್ಟೆ ಕಾಯುವ ತಾಯಿ ತಿನ್ನುದೇ ಇಲ್ಲವಲ್ಲ, ಹಾಗಾಗಿ ಎರೆ ಹಾಕಿದ ಪಂಜರಕ್ಕೆ ಅವಳು ಬರ್ಲಿಕ್ಕಿಲ್ಲ. ಮಾಟೆಗೇ ಹೋಗಿ ಕೈ ಹಾಕುವ ಮನುಷ್ಯನಿಂದಲೇ ಅವಳಿಗೆ ಅಪಾಯ.

ಅದೂ ಆಗಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1963ರಲ್ಲಿ ಟಕೋಮದ ಟಿಟ್ಲೋ ಬೀಚಿನಲ್ಲಿ ಆಕ್ಟೋಪಸ್ ಜೊತೆ ಕುಸ್ತಿ ಅಂತ ಸ್ಪರ್ಧೆಯೇ ಇಟ್ಟಿದ್ರು, ಡೈವರ್‌ಗಳು ಮಾಟೆಯಿಂದ ಎಳೆದು ತಂದು ತೂಗುದು, ಸಾವಿರಗಟ್ಲೆ ಜನ ನೋಡ್ಲಿಕ್ಕೆ. 2012ರಲ್ಲಿ ಸಿಯಾಟಲ್‌ನಲ್ಲಿ ಡೈವರ್‌ಗಳು ದಿನಾ ಹೋಗಿ ನೋಡುವ ಜಾಗದಿಂದ ಒಬ್ಬ ಹುಡುಗ ಲೈಸೆನ್ಸ್ ಪ್ರಕಾರವೇ ಒಂದನ್ನು ಹಿಡಿದು ಕೊಂಡುಹೋದ, ಊರಿಡೀ ಸಿಟ್ಟಾಯ್ತು, ಮರುವರ್ಷ ಏಳು ಡೈವಿಂಗ್ ಜಾಗಗಳಲ್ಲಿ ಹಿಡಿಯುದನ್ನೇ ನಿಲ್ಲಿಸಿದ್ರು. ಒಳ್ಳೆಯದೇ ಆಯ್ತು. ಆದ್ರೆ ಜನ ಕಣ್ಣಿಂದ ಕಂಡ ಜಾಗಕ್ಕೆ ಮಾತ್ರ ರಕ್ಷಣೆ ಸಿಕ್ಕಿತು, ಕಾಣದ ಮಾಟೆಗೆ ಇಲ್ಲ.

ಸಂಜೆ ಹಾರ್ಬರಿಗೆ ಹೋದಾಗ ಬಲೆ ರಿಪೇರಿ ಮಾಡ್ತಾ ಇದ್ದ ಪರಿಚಯದ ತಾಂಡೇಲರಿಗೆ (ಬೋಟು ನಡೆಸುವವರು) ಈ ವಿಡಿಯೋ ತೋರಿಸಿದೆ. ಎರಡು ಸಲ ನೋಡಿದ್ರು.

"ಮಾಷ್ಟ್ರೆ, ಇದು ನಮ್ಮಲ್ಲಿ ಬೊಂಡಾಸದೊಟ್ಟಿಗೆ (ಸ್ಕ್ವಿಡ್) ಬರುವ ಸಣ್ಣದರ ಜಾತಿಯೇ ಅಲ್ವಾ?"

"ಅಣ್ಣ, ಎರಡೂ ಆಕ್ಟೋಪಸ್ಸೇ, ಇದು ತಣ್ಣೀರಿನದ್ದು. ಆದ್ರೆ ನಮ್ಮದೂ ಒಂದೇ ಸಲ ಮೊಟ್ಟೆ ಇಟ್ಟು ಸಾಯುದೇ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಲೆ ಎಳೆಯುವಾಗ ಅಡಿಯಲ್ಲಿ ತಾಯಿ ಉಂಟಾ ಅಂತ ನಮಗೆ ಹೇಗೆ ಗೊತ್ತಾಗ್ಬೇಕು ಮಾಷ್ಟ್ರೆ, ಮೇಲೆ ಬರುವಾಗ ಎಲ್ಲ ಒಟ್ಟಿಗೆ ಸತ್ತೇ ಇರ್ತದೆ" ಅಂದ್ರು. ಅವರು ಹೇಳಿದ್ದು ಸರಿ. ಟ್ರಾಲ್ ಬಲೆಗೆ ಆರಿಸುವ ದಾರಿ ಇಲ್ಲ. ನಮ್ಮ ಕಡಲಿನ ಆಕ್ಟೋಪಸ್‌ಗಳು ಚಿಪ್ಪು, ಕರಟದೊಳಗೆ ಅಡಗುವ ಸಣ್ಣ ಜಾತಿಗಳು, ಇಲ್ಲಿ ತಿನ್ನುವವರು ಕಡಿಮೆ, ಫ್ರೀಜ್ ಆಗಿ ಹೊರದೇಶಕ್ಕೆ ಹೋಗುದೇ ಹೆಚ್ಚು. ಮತ್ತಿಗೆ 10 ಸೆಂಟಿಮೀಟರಿಗಿಂತ ಸಣ್ಣದು ಹಿಡೀಬಾರದು ಅಂತ ಕೇರಳದಲ್ಲಿ ಕಾನೂನು ಬಂದದ್ದು ಎಲ್ಲರಿಗೂ ಗೊತ್ತುಂಟು, ಹಾರ್ಬರಿನಲ್ಲಿ ಅದರ ಮಾತು ಬರ್ತದೆ, ಆಕ್ಟೋಪಸ್ ವಿಷಯ ಯಾರ ಬಾಯಲ್ಲೂ ಬರುದಿಲ್ಲ. ಮಡಕೆಯೋ ಚಿಪ್ಪೋ ಹಗ್ಗಕ್ಕೆ ಕಟ್ಟಿ ಹಿಡಿಯುವ ಕ್ರಮ ಇಲ್ಲಿ ಸಣ್ಣ ದೋಣಿಯವರಿಗೆ ಆಗ್ಲಿಕ್ಕಿಲ್ವಾ ಅಂತ ಕೇಳಿದೆ. ರೇಟ್ ಸಿಕ್ಕಿದ್ರೆ ನೋಡ್ಬಹುದು, ಆದ್ರೆ ಟ್ರಾಲರ್ ಬಂದು ಹಗ್ಗ ಕಡಿದುಕೊಂಡು ಹೋದ್ರೆ ಯಾರು ಕೊಡುದು ಅಂದ್ರು.

ಆಗಸ್ಟಿನಲ್ಲಿ ಬೋಟು ಹೊರಟ ಮೇಲೆ ಸಿಕ್ಕಿದ ಆಕ್ಟೋಪಸ್‌ಗಳ ಒಂದು ಲೆಕ್ಕ ಇಡುವ ಅಂತ ಕೇಳಿಕೊಂಡೆ, "ಬರೆಯುವ, ಪುಸ್ತಕ ನೀವು ಕೊಡಿ" ಅಂದ್ರು. ಬರುವಾಗ ಅಂಗಡಿಯಿಂದ ಗಟ್ಟಿ ರಟ್ಟಿನ ಒಂದು ಪುಸ್ತಕ ತಂದಿದ್ದೇನೆ. ತಾರೀಕು, ಆಳ, ತೂಕ, ಮೊಟ್ಟೆ ಉಂಟಾ ಇಲ್ವಾ ಅಂತ ಕಾಲಂ ಎಳೆದಾಯ್ತು, ಮೇಲೆ ಬರುವಾಗ ಜೀವ ಇತ್ತಾ ಅಂತ ಇನ್ನೊಂದನ್ನೂ ಸೇರಿಸಿದೆ.