ಬೆಕ್ಕಿಗೊಂದು ಕಿಂಡಿ: ಯಾವ ಬಾಗಿಲಿಗೆ, ಎಷ್ಟು ಎತ್ತರಕ್ಕೆ

ಕಳೆದ ವರ್ಷ ಒಂದು ಭಾನುವಾರ ಹಿತ್ತಿಲ ಬಾಗಿಲಿನ ಪಕ್ಕದ ಗೋಡೆಗೆ ಚೀಟಿಯೊಂದನ್ನು ಅಂಟಿಸಿ, ನಮ್ಮ ಬೆಕ್ಕು ಚುಕ್ಕಿಗಾಗಿ ಬಾಗಿಲು ತೆಗೆದಾಗಲೆಲ್ಲ ಅದರ ಮೇಲೆ ಒಂದೊಂದು ಗೀಟು ಎಳೆಯುತ್ತ ಹೋದೆ. ಬೆಳಗಿನಿಂದ ರಾತ್ರಿ ಮಲಗುವ ಹೊತ್ತಿಗೆ 19 ಗೀಟುಗಳಾಗಿದ್ದವು. ಅವುಗಳಲ್ಲಿ ಏಳು ಸಲ ಚುಕ್ಕಿ ಹೊಸ್ತಿಲವರೆಗೆ ಬಂದು, ಹೊರಗಿನ ಗಾಳಿಯನ್ನು ಮೂಸಿ, ಬಾಲವನ್ನು ಒಮ್ಮೆ ಕೊಂಕಿಸಿ, ಏನೋ ನೆನಪಾದಂತೆ ಒಳಕ್ಕೇ ತಿರುಗಿ ಹೋಗಿತ್ತು. ತೂಗುವ ರೆಕ್ಕೆಯನ್ನು ತಳ್ಳಿಕೊಂಡು ಬೆಕ್ಕು ತಾನೇ ಒಳಹೊರಗೆ ಓಡಾಡಲೆಂದು ಬಾಗಿಲಿಗೆ ಕೂರಿಸುವ ಕಿಂಡಿಯ ಮಾತು ನಮ್ಮ ಮನೆಯಲ್ಲಿ ಗಂಭೀರವಾಗಿ ಶುರುವಾದದ್ದು ಆ ರಾತ್ರಿ. ಅದು ಮುಗಿಯಲು ಎರಡು ತಿಂಗಳು ಹಿಡಿಯಿತು.

ಕಿಂಡಿಯ ಪರವಾಗಿ ವಾದಿಸಿದವರು ನನ್ನ ಪತಿ. ಬೆಕ್ಕಿಗೆ ದ್ವಾರಪಾಲಕರಾಗಿ ನಿಲ್ಲುವುದು ಮನುಷ್ಯರಿಗೆ ತಕ್ಕ ಕೆಲಸವಲ್ಲ ಎಂಬುದಷ್ಟೇ ಅವರ ವಾದ. ನನ್ನ ಅಳುಕು ಬೇರೆಯಾಗಿತ್ತು. ಬೆಕ್ಕಿಗಾಗಿ ಬಾಗಿಲು ತೆಗೆಯುವಾಗ ನಾವು ನಮಗೇ ಅರಿವಿಲ್ಲದಂತೆ ಹೊರಗೆ ಯಾರಿದ್ದಾರೆ, ಹೊತ್ತು ಎಷ್ಟಾಗಿದೆ, ಒಳಗೆ ಬರುತ್ತಿರುವ ಬೆಕ್ಕಿನ ಬಾಯಲ್ಲಿ ಏನಿದೆ ಎಂಬುದನ್ನೆಲ್ಲ ಒಂದೇ ನೋಟದಲ್ಲಿ ಗಮನಿಸಿರುತ್ತೇವೆ. ಕಿಂಡಿ ಕೂರಿಸಿದ ದಿನದಿಂದ ಆ ನೋಟ ಇಲ್ಲವಾಗುತ್ತದೆ. ಅಲ್ಲಿಯವರೆಗೆ ನಾವು ಮಾಡುತ್ತಿದ್ದ ತೀರ್ಮಾನಗಳನ್ನು ಅಂಗೈಯಗಲದ ಒಂದು ಪ್ಲಾಸ್ಟಿಕ್ ರೆಕ್ಕೆಗೆ ವಹಿಸಿಕೊಟ್ಟಂತಾಗುತ್ತದೆ. ಹಾಗೆ ವಹಿಸಿಕೊಡಬಹುದೇ ಎಂಬುದು ಇತ್ಯರ್ಥವಾಗದೆ ಯಾವ ಬಾಗಿಲು ಎಂಬ ಚರ್ಚೆಗೆ ಇಳಿಯಬಾರದೆಂದು ನಾನು ಹಟ ಹಿಡಿದೆ.

ಬೆಕ್ಕು ತನ್ನ ಇಷ್ಟದಂತೆ ಹೊರಗೆ ಹೋಗಬಹುದಾದ ಮನೆ ಇದೆಯೇ ಎಂಬುದೇ ಮೊದಲ ಪ್ರಶ್ನೆ. ವಾಹನಗಳು ವೇಗವಾಗಿ ಓಡುವ ರಸ್ತೆ ಹತ್ತಿರವಿದ್ದರೆ ಎಂಥ ಉತ್ತಮ ಕಿಂಡಿಯಿಂದಲೂ ಪ್ರಯೋಜನವಿಲ್ಲ, ಅಲ್ಲಿ ಬೇಡ ಎನ್ನುವುದೇ ಸರಿಯಾದ ಉತ್ತರ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಬೆಕ್ಕಿಗೆ, ಲಸಿಕೆಗಳು ಪೂರ್ಣವಾಗದ ಮರಿಗೆ ಕಿಂಡಿ ತೆರೆದಿಡುವುದೂ ತಪ್ಪು. ಬೆಕ್ಕುಗಳ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಎಫ್‌ಐವಿ ವೈರಸ್ ಮುಖ್ಯವಾಗಿ ಕಾದಾಟದಲ್ಲಿ ಆಗುವ ಆಳವಾದ ಕಡಿತಗಳಿಂದ ಹರಡುತ್ತದೆ, ಮತ್ತು ಗಡಿಗಾಗಿಯೋ ಜೊತೆಗಾಗಿಯೋ ಹೆಚ್ಚು ಕಾದಾಡುವುದು ಶಸ್ತ್ರಚಿಕಿತ್ಸೆಯಾಗದ ಗಂಡುಗಳೇ. ಚುಕ್ಕಿಗೆ ಈಗ ಆರು ವರ್ಷ. ಶಸ್ತ್ರಚಿಕಿತ್ಸೆ ಮೊದಲ ವರ್ಷವೇ ಆಗಿದೆ, ಗುರುತಿಗಾಗಿ ಚರ್ಮದಡಿ ಇಡುವ ಮೈಕ್ರೋಚಿಪ್ ಇದೆ, ಹಿತ್ತಿಲಿಗೆ ಗೋಡೆಯಿದೆ, ರಸ್ತೆ ಮನೆಯ ಇನ್ನೊಂದು ಮಗ್ಗುಲಿಗಿದೆ. ಹಗಲು ಹೊತ್ತಿನಲ್ಲಿ ಮಾತ್ರ ಎಂಬ ಷರತ್ತಿನ ಮೇಲೆ ನಾನು ಒಪ್ಪಿದೆ. ಬೆಕ್ಕುಗಳು ನಸುಕಿನಲ್ಲೂ ಮುಸ್ಸಂಜೆಯಲ್ಲೂ ಅತ್ಯಂತ ಚುರುಕಾಗಿರುವ ಪ್ರಾಣಿಗಳಾದ್ದರಿಂದ ಈ ಷರತ್ತು ಚುಕ್ಕಿಗೆ ಒಂದು ರೀತಿಯ ಅನ್ಯಾಯವೆಂದು ನನಗೂ ಗೊತ್ತು.

ಹೊರಗಿನ ಬಾಗಿಲಿಗೇ ಕಿಂಡಿ ಇರಬೇಕೆಂದೇನೂ ಇಲ್ಲ. ಒಳಕೋಣೆಯ ಬಾಗಿಲಿಗೆ ಕೂರಿಸಿ ಅಲ್ಲಿ ಬೆಕ್ಕಿನ ಮಲದ ತಟ್ಟೆಯನ್ನು ಇಡುವವರಿದ್ದಾರೆ. ಬಲೆ ಬಿಗಿದ ಬಾಲ್ಕನಿಗೆ ದಾರಿ ಮಾಡಿಕೊಟ್ಟು ಬಿಸಿಲು, ಗಾಳಿ, ಹಕ್ಕಿಗಳ ನೋಟ ಇಷ್ಟನ್ನು ಮಾತ್ರ ಒದಗಿಸುವವರೂ ಇದ್ದಾರೆ. ಬಾಡಿಗೆ ಮನೆಯಲ್ಲಿರುವವರು ಕೊರೆಯುವ ಮೊದಲು ಮಾಲೀಕರ ಒಪ್ಪಿಗೆ ಪಡೆಯಲೇಬೇಕು. ಬೆಂಕಿ ಹರಡದಂತೆ ತಡೆಯಲೆಂದು ಮಾಡಿದ ಬಾಗಿಲಿಗೆ ಯಾವ ಕಾರಣಕ್ಕೂ ತೂತು ಹಾಕಬಾರದು, ಹಾಕಿದರೆ ಅದು ಆ ಕೆಲಸಕ್ಕೆ ಬಾರದಂತಾಗುತ್ತದೆ.

ನಮ್ಮ ಮೊದಲ ಆಯ್ಕೆ ಮುಂಬಾಗಿಲಾಗಿತ್ತು, ಏಕೆಂದರೆ ಅದರ ಕೆಳಭಾಗದ ಹಲಗೆ ಅಗಲವಾಗಿದೆ. ಆ ಯೋಚನೆಯನ್ನು ಮುರಿದದ್ದು ಒಂದು ರಟ್ಟಿನ ಪೆಟ್ಟಿಗೆ. ಕಿಂಡಿಯ ಅಳತೆಗೆ ರಟ್ಟಿನಲ್ಲಿ ತೂತು ಕತ್ತರಿಸಿ, ತೆರೆದ ಬಾಗಿಲಿಗೆ ಅಂಚು ಸೇರಿಸಿ ಅದು ಇರಬೇಕಾದ ಎತ್ತರದಲ್ಲೇ ಹಿಡಿದುಕೊಂಡೆ. ನನ್ನ ಪತಿ ಆಚೆ ಬದಿಯಲ್ಲಿ ನೆಲದ ಮೇಲೆ ಮಗ್ಗುಲಾಗಿ ಮಲಗಿ, ಭುಜದವರೆಗೆ ತೋಳನ್ನು ತೂರಿಸಿ, ಕಣ್ಣಿಗೆ ಏನೂ ಕಾಣದಿದ್ದರೂ ಬೆರಳುಗಳಿಂದ ತಡಕುತ್ತ ಹೋದರು. ಅರ್ಧ ನಿಮಿಷದೊಳಗೆ ಕೆಳಗಿನ ಅಗುಳಿ ಅವರ ಬೆರಳಿಗೆ ಸಿಕ್ಕಿ, ಟಕ್ಕೆಂದು ಜಾರಿತು. ಸಾಮಾನ್ಯವಾದ ಕಿಂಡಿಯಲ್ಲಿ ಮನುಷ್ಯ ನುಸುಳಲಾರ, ಆದರೆ ಅವನ ತೋಳು ನುಸುಳುತ್ತದೆ, ಕೊಕ್ಕೆ ಹಾಕಿದ ಕೋಲು ಇನ್ನೂ ದೂರ ಹೋಗುತ್ತದೆ. ಆದ್ದರಿಂದ ಅಗುಳಿ, ಚಿಲಕ, ಬೀಗದ ಕೈ, ಕೀಲಿಕೈ ತೂಗುಹಾಕುವ ಗೂಟ ಇವೆಲ್ಲವೂ ಕಿಂಡಿಯಿಂದ ತೋಳಿನಳತೆಗಿಂತ ದೂರದಲ್ಲಿರಬೇಕು. ಮುಂಬಾಗಿಲು ಅಲ್ಲಿಗೆ ಬಿದ್ದುಹೋಯಿತು.

ಉಳಿದದ್ದು ಪಕ್ಕದ ಕೋಣೆಯ ಗಾಜಿನ ಬಾಗಿಲು, ಅಡುಗೆಮನೆಯ ಗೋಡೆ ಮತ್ತು ಹಿತ್ತಿಲ ಬಾಗಿಲು. ಗಾಜಿನ ಬಾಗಿಲಿನದು ಟಫನ್ಡ್ ಗಾಜು. ಅದನ್ನು ಕಾಯಿಸಿ ಗಡಸುಗೊಳಿಸಿದ ಮೇಲೆ ಕೊರೆಯಲು ಹೋದರೆ ಇಡೀ ಹಾಳೆ ಚೂರುಚೂರಾಗುತ್ತದೆ. ತೂತು ಬೇಕಿದ್ದರೆ ಗಡಸುಗೊಳಿಸುವ ಮೊದಲೇ ಕತ್ತರಿಸಿದ ಹೊಸ ಗಾಜನ್ನೇ ಮಾಡಿಸಬೇಕು, ಎರಡು ಪದರಗಳ ಗಾಜಾದರೂ ಅಷ್ಟೇ. ಗೋಡೆಯಲ್ಲಿ ಕಿಂಡಿ ಇಡಲು ಸಾಧ್ಯವಿದೆ, ಅದಕ್ಕೆ ಗೋಡೆಯ ದಪ್ಪಕ್ಕೆ ತಕ್ಕ ಸುರಂಗದ ತುಂಡುಗಳೂ ಬರುತ್ತವೆ. ಆದರೆ ಒಳಗೆ ವಿದ್ಯುತ್ ತಂತಿ ಅಥವಾ ನೀರಿನ ಕೊಳವೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಮಳೆಯ ನೀರು ಒಳಗೆ ಹರಿಯದಂತೆ ಸುರಂಗದ ತಳವನ್ನು ಹೊರಕ್ಕೆ ತುಸು ಇಳಿಜಾರಾಗಿಸಬೇಕು, ಮನಸ್ಸು ಬದಲಾದರೆ ಮುಚ್ಚುವುದೂ ಸುಲಭವಲ್ಲ. ಲೋಹದ ಬಾಗಿಲು ನಮ್ಮಲ್ಲಿಲ್ಲ. ಇರುವವರು ಬೆಕ್ಕಿನ ಮೈಕ್ರೋಚಿಪ್ ಓದಿ ತೆರೆಯುವ ಕಿಂಡಿಯನ್ನು ಅದಕ್ಕೆ ನೇರವಾಗಿ ಕೂರಿಸಬಾರದು, ಸುತ್ತಲಿನ ಲೋಹ ಆ ಓದುವಿಕೆಗೆ ಅಡ್ಡಿಮಾಡುತ್ತದೆ. ಹಿತ್ತಿಲ ಬಾಗಿಲು ಮರದ್ದು. ಚೌಕಟ್ಟಿನ ಪಟ್ಟಿಗಳಿಗೆ ಕೈಹಚ್ಚದೆ ನಡುವಿನ ಹಲಗೆಯಷ್ಟನ್ನೇ ಕೊರೆದರೆ ಬಾಗಿಲಿನ ಬಲ ಕುಂದುವುದಿಲ್ಲ, ಅಗುಳಿಯೂ ಎದೆಮಟ್ಟದಲ್ಲಿದೆ.

ನಮ್ಮ ಲೆಕ್ಕಾಚಾರ ಇಲ್ಲಿಗೆ ಮುಗಿಯಿತಾದರೂ ಚುಕ್ಕಿಯ ಲೆಕ್ಕಾಚಾರ ಬಾಕಿಯಿತ್ತು, ಮತ್ತು ಹೆಚ್ಚಿನವರು ಎಡವುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಒಂದು ಸಂಜೆ ಹಿತ್ತಿಲ ಬಾಗಿಲನ್ನು ತೆರೆದು, ಹೊಸ್ತಿಲ ಬಳಿ ಬೋರಲಾಗಿ ಮಲಗಿ, ಗಲ್ಲವನ್ನು ನೆಲಕ್ಕೆ ತಾಗಿಸಿ ಹೊರಗೆ ನೋಡಿದೆ. ನಿಂತಾಗ ತೆರೆದ ಅಂಗಳವಾಗಿ ಚೆನ್ನಾಗಿ ಕಾಣುವ ಜಾಗ, ಆ ಮಟ್ಟದಿಂದ ಎಲ್ಲಿಯೂ ಮರೆಯಿಲ್ಲದ ಬಯಲಾಗಿತ್ತು. ಎದುರಿನ ಗೋಡೆಯ ಮೇಲೆ, ಈ ಓಣಿಯೆಲ್ಲ ತನ್ನದೇ ಎಂದು ತಿಳಿದಿರುವ ಕಂದುಬಣ್ಣದ ದಪ್ಪ ಗಂಡುಬೆಕ್ಕು ಕುಳಿತು ನೇರವಾಗಿ ಬಾಗಿಲನ್ನೇ ನೋಡುತ್ತಿತ್ತು. ಅಷ್ಟು ದಿನ ಚುಕ್ಕಿ ಹೊಸ್ತಿಲವರೆಗೆ ಬಂದು ಹಿಂದಿರುಗುತ್ತಿದ್ದುದನ್ನು ನಾವು ಅದರ ಚಂಚಲತೆಯೆಂದು ನಗುತ್ತಿದ್ದೆವು.

ಬೆಕ್ಕಿಗೆ ಮನೆಯೆಂಬುದು ಕಾಯ್ದುಕೊಳ್ಳಬೇಕಾದ ಗಡಿಯ ನಟ್ಟನಡುವಿನ ಭಾಗ. ಪರಬೆಕ್ಕು ಅದರೊಳಗೆ ಒಮ್ಮೆ ಕಾಲಿಟ್ಟರೂ, ಕಿಂಡಿಯ ಹತ್ತಿರ ನಿಂತು ಒಳಗೆ ಇಣುಕಿದರೂ, ಮನೆಯ ಬೆಕ್ಕು ಕಿಂಡಿಯ ಆಸುಪಾಸಿನಲ್ಲಿ ಮೂತ್ರ ಸಿಂಪಡಿಸಲು ತೊಡಗಬಹುದು ಅಥವಾ ಹೊರಹೋಗುವುದನ್ನೇ ಬಿಟ್ಟುಬಿಡಬಹುದು. ಹಾಗಾಗಿ ನಾವು ಬಾಗಿಲಿನ ಹೊರಬದಿಯಲ್ಲಿ ಎರಡು ದೊಡ್ಡ ಕುಂಡಗಳನ್ನು ಓರೆಯಾಗಿ ಇರಿಸಿ, ತಲೆ ಹೊರಹಾಕಿದ ಬೆಕ್ಕು ಮುಂದಿನ ಹೆಜ್ಜೆ ಇಡುವ ಮೊದಲು ಮರೆಯಲ್ಲಿ ನಿಂತು ಸುತ್ತ ನೋಡಲು ಒಂದಿಷ್ಟು ಜಾಗ ಮಾಡಿದೆವು. ಒಳಗಡೆ ಬಾಗಿಲಿನ ಪಕ್ಕದಲ್ಲೇ ಇದ್ದ ಚುಕ್ಕಿಯ ಊಟದ ಬಟ್ಟಲನ್ನು ಬೇರೆ ಮೂಲೆಗೆ ಸರಿಸಿದೆವು. ಊಟದ ವಾಸನೆ ಪರಬೆಕ್ಕಿಗೆ ಆಹ್ವಾನ ಕೊಟ್ಟಂತೆ, ಮತ್ತು ಯಾರು ಬೇಕಾದರೂ ನುಗ್ಗಬಹುದಾದ ದಾರಿಯ ಎದುರು ಕುಳಿತು ಉಣ್ಣುವುದು ಯಾವ ಬೆಕ್ಕಿಗೂ ನೆಮ್ಮದಿಯಲ್ಲ.

ಎತ್ತರದ ವಿಷಯದಲ್ಲಿ ನಾನೇ ತಪ್ಪು ಮಾಡಿದೆ. ಕಿಂಡಿಯ ಕೆಳಅಂಚು ನಿಂತ ಬೆಕ್ಕಿನ ಹೊಟ್ಟೆಯ ಮಟ್ಟಕ್ಕಿರಬೇಕು. ಹಾಗಿದ್ದರೆ ಅದು ಹಾರದೆ, ತೆವಳದೆ, ಕಾಲೆತ್ತಿ ದಾಟುತ್ತದೆ. ಚುಕ್ಕಿ ಉಣ್ಣುವಾಗ ಪಕ್ಕದಲ್ಲಿ ಅಳತೆಪಟ್ಟಿ ನಿಲ್ಲಿಸಿ 13 ಸೆಂ.ಮೀ. ಎಂದು ಬರೆದುಕೊಂಡಿದ್ದೆ. ಬಡಗಿ ಬಂದು, ಕಿಂಡಿಯ ಜೊತೆಗೆ ಬಂದಿದ್ದ ನಮೂನೆ ಕಾಗದವನ್ನು ಹಲಗೆಗೆ ಅಂಟಿಸಿ, ಗರಗಸದ ಅಲಗು ಇಳಿಸಲು ನಾಲ್ಕು ಮೂಲೆಗಳಿಗೂ ತೂತು ಕೊರೆದಾದ ಮೇಲೆ, ಬಾಗಿಲು ತೆರೆದು ಹೊರಗೆ ನೋಡಿ, "ಅಳತೆ ಒಳಗಡೆಯಿಂದ ತಗೊಂಡಿದ್ದೀರೋ, ಹೊರಗಡೆಯಿಂದಲೋ ಮೇಡಂ?" ಎಂದು ಕೇಳಿದ. ನಮ್ಮ ಹಿತ್ತಿಲ ನೆಲ ಮನೆಯ ನೆಲಕ್ಕಿಂತ 18 ಸೆಂ.ಮೀ. ತಗ್ಗಿನಲ್ಲಿದೆ. ಹೊರಗಿನಿಂದ ಬರುವ ಬೆಕ್ಕಿಗೆ ಆ ಅಂಚು 31 ಸೆಂ.ಮೀ. ಎತ್ತರದಲ್ಲಿರುತ್ತಿತ್ತು, ಅಂದರೆ ಮುಚ್ಚಿದ ರೆಕ್ಕೆಯನ್ನು ತಲೆಯಿಂದ ತಳ್ಳುತ್ತಲೇ ಹಾರಬೇಕಾಗುತ್ತಿತ್ತು. ಉಳಿದ ಹಲಗೆಗಳಿಂದ ಅವನೇ ಒಂದು ಮೆಟ್ಟಿಲು ಮಾಡಿಕೊಟ್ಟ. ನಾಲ್ಕು ಕಾಲನ್ನೂ ಊರಿ ಬೆಕ್ಕು ಯೋಚಿಸುತ್ತ ನಿಲ್ಲುವಷ್ಟು ಅಗಲವಿರಲಿ ಎಂದು ಹೇಳಿದವನೂ ಅವನೇ. ಕೊರೆದ ಅಂಚು ನೀರು ಹೀರದಂತೆ ವಾರ್ನಿಷ್ ಬಳಿದು, ಆಮೇಲೆ ಚೌಕಟ್ಟನ್ನು ಬಿಗಿದ.

ಅಗಲದ ಬಗ್ಗೆ ಒಂದು ಮಾತು. ಬೆಕ್ಕಿನ ಕೊರಳೆಲುಬು ಬೇರೆ ಎಲುಬುಗಳಿಗೆ ಕೂಡಿಕೊಳ್ಳದೆ ಸ್ನಾಯುಗಳ ನಡುವೆ ಬಿಡಿಯಾಗಿ ಇರುವುದರಿಂದ ಅದು ಭುಜಗಳನ್ನು ಕುಗ್ಗಿಸಿಕೊಂಡು ಇಕ್ಕಟ್ಟಿನಲ್ಲಿ ನುಸುಳಬಲ್ಲದು. ಹಾಗೆಂದು ಚಿಕ್ಕ ಕಿಂಡಿ ತರಬಾರದು; ತಲೆ ಹಿಡಿಸಿದರೆ ಮೈಯೂ ಹಿಡಿಸುತ್ತದೆ ಎಂಬ ಮಾತು ದಪ್ಪಗಾದ ಬೆಕ್ಕಿನ ಹೊಟ್ಟೆಗೆ ಅನ್ವಯಿಸುವುದಿಲ್ಲ.

ಬೆಕ್ಕಿಗೆಂದು ಬಾಗಿಲು ಕೊರೆಯುವ ಪದ್ಧತಿ ಹೊಸದೇನಲ್ಲ. ಇಂಗ್ಲೆಂಡಿನ ಎಕ್ಸೆಟರ್ ಕ್ಯಾಥೆಡ್ರಲ್‌ನಲ್ಲಿ ಖಗೋಳ ಗಡಿಯಾರದ ಕೆಳಗಿನ ಬಾಗಿಲಿಗೆ ಬಿಷಪ್ ವಿಲಿಯಂ ಕಾಟನ್ ಅವರ ಕಾಲದಲ್ಲಿ, 1598ರ ಹೊತ್ತಿಗೆ, ಇಲಿ ಹಿಡಿಯುವ ಬೆಕ್ಕಿಗಾಗಿ ಕೊರೆಸಿದ ದುಂಡನೆಯ ತೂತು ಈಗಲೂ ಇದೆ. ಐಸಾಕ್ ನ್ಯೂಟನ್ ತಾಯಿಬೆಕ್ಕಿಗೆ ದೊಡ್ಡದು, ಮರಿಗೆ ಚಿಕ್ಕದು ಎಂದು ಎರಡು ತೂತು ಕೊರೆಸಿದನೆಂಬ ಕಥೆಗೆ ಗಟ್ಟಿಯಾದ ಆಧಾರವಿಲ್ಲ, ಎಕ್ಸೆಟರ್‌ನ ತೂತಂತೂ ಅವನು ಹುಟ್ಟುವ ಮೊದಲಿನದು. ಆ ಕಾಲದ ಕಿಂಡಿ ಬರಿಯ ತೂತು. ಬೆಕ್ಕು ಬಂದ ದಾರಿಯಲ್ಲಿ ಇನ್ನಾರು ಬರಬಹುದೆಂದು ಅದು ಕೇಳುತ್ತಿರಲಿಲ್ಲ.

ಈಗಿನವು ಕೇಳುತ್ತವೆ. ಕೊರಳಪಟ್ಟಿಯ ಅಯಸ್ಕಾಂತಕ್ಕೆ ತೆರೆಯುವ ಕಿಂಡಿಗಳಿವೆ, ಆದರೆ ಅಂಥದೇ ಅಯಸ್ಕಾಂತ ಕಟ್ಟಿಕೊಂಡ ಯಾವ ಬೆಕ್ಕಿಗೂ ಅವು ತೆರೆಯುತ್ತವೆ, ಕೊರಳಪಟ್ಟಿ ಕಳೆದುಹೋದ ದಿನ ನಮ್ಮ ಬೆಕ್ಕೇ ಹೊರಗುಳಿಯುತ್ತದೆ. ಮೈಕ್ರೋಚಿಪ್ ಓದುವ ಕಿಂಡಿ ಇದಕ್ಕಿಂತ ಮೇಲು. ಚರ್ಮದಡಿಯಲ್ಲಿರುವ ಅಕ್ಕಿಕಾಳಿನಷ್ಟು ದೊಡ್ಡ ಚಿಪ್‌ಗೆ ಬ್ಯಾಟರಿಯಿಲ್ಲ. ಬೆಕ್ಕು ತಲೆ ತೂರಿಸಿದಾಗ ಕಿಂಡಿಯ ಓದುಗವೇ ಅದಕ್ಕೆ ಶಕ್ತಿ ಕೊಟ್ಟು, 15 ಅಂಕಿಗಳ ಸಂಖ್ಯೆಯನ್ನು ಪಡೆದು, ತನ್ನ ನೆನಪಿನಲ್ಲಿರುವ ಸಂಖ್ಯೆಯೊಂದಿಗೆ ಹೋಲಿಸಿ ಅಗುಳಿ ಬಿಡುತ್ತದೆ. ಇವುಗಳಲ್ಲಿ ಹಲವು ಒಳಬರುವಾಗ ಮಾತ್ರ ಚಿಪ್ ಓದುತ್ತವೆ, ಹೊರಹೋಗುವವರನ್ನು ತಡೆಯುವುದಿಲ್ಲ. ಎರಡು ಬೆಕ್ಕುಗಳಲ್ಲಿ ಒಂದು ಮನೆಯಲ್ಲೇ ಇರಬೇಕಾದವರು ಎರಡೂ ಕಡೆ ಓದುವಂಥದನ್ನೇ ಕೇಳಿ ತರಬೇಕು. ನಾವು ಮಾತ್ರ ಜಿಪುಣತನದಿಂದ ಚಿಪ್ ಓದದ, ನಾಲ್ಕು ಬಗೆಯ ಬೀಗವಿರುವ ಸಾದಾ ಕಿಂಡಿಯನ್ನು ತಂದೆವು: ಎರಡೂ ಕಡೆ ತೆರೆದದ್ದು, ಒಳಬರಲು ಮಾತ್ರ, ಹೊರಹೋಗಲು ಮಾತ್ರ, ಪೂರ್ತಿ ಮುಚ್ಚಿದ್ದು. ಸಂಜೆ ಐದಕ್ಕೆ ಅದನ್ನು "ಒಳಬರಲು ಮಾತ್ರ" ಎಂಬುದಕ್ಕೆ ತಿರುಗಿಸುತ್ತೇನೆ, ಚುಕ್ಕಿ ಬಂದ ಮೇಲೆ ಪೂರ್ತಿ ಮುಚ್ಚುತ್ತೇನೆ.

ಕಲಿಸಲು ಒಂಬತ್ತು ದಿನ ಬೇಕಾಯಿತು. ಮೊದಲು ರೆಕ್ಕೆಯನ್ನು ದಾರ ಕಟ್ಟಿ ಪೂರ್ತಿ ಮೇಲೆತ್ತಿ, ಆಚೆ ಬದಿಯಿಂದ ತಿಂಡಿ ತೋರಿಸಿ ಕರೆದೆವು. ಆಮೇಲೆ ದಿನಕ್ಕಿಷ್ಟೆಂದು ದಾರವನ್ನು ಸಡಿಲಿಸಿದೆವು. ಬೆಕ್ಕನ್ನು ಹಿಡಿದು ಕಿಂಡಿಯೊಳಗೆ ತಳ್ಳಬಾರದು, ಹಾಗೆ ತಳ್ಳಿದ ಬೆಕ್ಕು ಅದನ್ನು ಬೋನೆಂದೇ ತಿಳಿಯುತ್ತದೆ. ಆರನೆಯ ದಿನ ಚುಕ್ಕಿ ಮುಂಗಾಲಿನಿಂದ ರೆಕ್ಕೆಯನ್ನು ಮೆಲ್ಲನೆ ತಟ್ಟಿತು, ಅದು ತೂಗಿ ಮರಳಿ ಅಂಚಿನ ಅಯಸ್ಕಾಂತಕ್ಕೆ ಕಚ್ಚಿ ಚಟ್ಟೆಂದಾಗ ಬೆನ್ನು ಕಮಾನಾಗಿಸಿ ಹಿಂದೆ ಜಿಗಿಯಿತು. ಅಯಸ್ಕಾಂತದ ಪಟ್ಟಿಯ ಮೇಲೆ ತೆಳುವಾದ ಬಟ್ಟೆಯ ತುಂಡು ಅಂಟಿಸಿದ ಮೇಲೆ ಆ ಸದ್ದು ತಗ್ಗಿತು. ಮೂರು ದಿನಗಳ ಬಳಿಕ, ನಾವು ಯಾರೂ ಕರೆಯದಿದ್ದಾಗ, ಮೂತಿ, ಭುಜ, ಹೊಟ್ಟೆ ಒಂದೊಂದಾಗಿ ದಾಟಿ, ಕೊನೆಗೆ ರೆಕ್ಕೆಯ ಕೆಳಗೆ ಉಳಿದ ಬಾಲದ ತುದಿಯೂ ಮೆಲ್ಲನೆ ಜಾರಿ ಹೊರಗಾಯಿತು.

ನಾನು ಹೆದರಿದ್ದ ಮೂರನೆಯ ಸಂಗತಿಯೂ, ಅಂದರೆ ಚುಕ್ಕಿ ಬಾಯಲ್ಲಿ ಏನನ್ನಾದರೂ ಕಚ್ಚಿಕೊಂಡು ಒಳಬರುವುದೂ, ಆಗಿದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಮನೆಯವರ ಪಾಡಿಗೆ ಜಾಗವಿಲ್ಲ. ಎರಡು ಸಲ ಜೀವಂತ ಇಲಿಯನ್ನು ಹಾಸಿಗೆಯಡಿಯಿಂದ ಡಬ್ಬಿಗೆ ಹಿಡಿದು ಹೊರಗೆ ಬಿಟ್ಟು ಬಂದಿದ್ದೇನೆ.

ಕಿಂಡಿಯ ರೆಕ್ಕೆ ಪಾರದರ್ಶಕವಾದದ್ದು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸುವಾಗ ಅದರ ಮೇಲೆ ಮೂಗಿನ ಗುರುತುಗಳು ಕಾಣುತ್ತವೆ. ಚುಕ್ಕಿಯವು ರೆಕ್ಕೆಯ ಕೆಳಭಾಗದಲ್ಲಿ, ಎರಡೂ ಬದಿಗೆ. ಹೊರಬದಿಯಲ್ಲಿ ಅವುಗಳಿಗಿಂತ ನಾಲ್ಕು ಬೆರಳು ಮೇಲೆ ಇನ್ನೊಂದು ಅಗಲವಾದ ಗುರುತು ಇರುತ್ತದೆ, ಒರೆಸಿದ ಮರುದಿನವೇ ಮತ್ತೆ ಮೂಡುತ್ತದೆ. ಚಿಪ್ ಓದುವ ಕಿಂಡಿಯ ಅಳತೆ ಈಗಿನ ತೂತಿಗೆ ಹೊಂದುತ್ತದೆಯೇ ಎಂದು ನೋಡಲು ಬಡಗಿಗೆ ಮತ್ತೆ ಬರಹೇಳಿದ್ದೇನೆ.