ಟ್ರೇಲರ್ ಮೊದಲು, ಟ್ರಕ್ ಆಮೇಲೆ: ನಮ್ಮ ಹುಡುಕಾಟದ ದಿನಚರಿ

ಫೆಬ್ರವರಿ, ಕೊನೆಯ ವಾರ

ಎತ್ತು ಕೊಳ್ಳುವ ಮೊದಲೇ ಗಾಡಿ ಮಾಡಿಸಿಕೊಂಡವರ ಸ್ಥಿತಿ ನಮ್ಮದಾಗಿದೆ. ಕೊಲರಾಡೊದ ಡೆನ್ವರ್ ಬಳಿಯ ನಮ್ಮ ಬಡಾವಣೆಯಿಂದ ಬೇರೆ ರಾಜ್ಯಕ್ಕೆ ಹೊರಟಿದ್ದ ಕುಟುಂಬವೊಂದು ತಮ್ಮ ಟ್ರಾವೆಲ್ ಟ್ರೇಲರನ್ನು ಸಲೀಸಾದ ಬೆಲೆಗೆ ಕೊಡಲು ಒಪ್ಪಿತು. ಅವರೇ ತಮ್ಮ ಟ್ರಕ್ಕಿನಿಂದ ಅದನ್ನು ಎಳೆದು ತಂದು, ನಾವು ಬಾಡಿಗೆಗೆ ಹಿಡಿದ ನಿಲುಗಡೆ ಜಾಗದಲ್ಲಿ ನಿಲ್ಲಿಸಿ ಹೋದರು. ಮಕ್ಕಳಿಗೆ ಮೇಲೊಂದು ಕೆಳಗೊಂದು ಮಂಚವಿರುವ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲವೂ ಇರುವ, ಮೂವತ್ತು ಅಡಿಗೆ ಸ್ವಲ್ಪ ಕಡಿಮೆ ಉದ್ದದ ಮನೆ ಅದು. ಅದನ್ನು ಎಳೆಯುವ ವಾಹನ ಮಾತ್ರ ನಮ್ಮಲ್ಲಿಲ್ಲ. ಇರುವುದು ಮೂರು ಸಾಲು ಸೀಟಿನ ಎಸ್‌ಯುವಿ, ಮತ್ತು ಅದರ ಎಳೆಯುವ ಮಿತಿ 5,000 ಪೌಂಡ್. ಟ್ರೇಲರಿನ ಬರಿಮೈ ತೂಕವೇ 5,400 ಪೌಂಡ್ ಎಂದು ಅದರ ಮಗ್ಗುಲಿನ ಚೀಟಿ ಹೇಳುತ್ತದೆ. ಸಾಮಾನೆಲ್ಲ ತುಂಬಿದ ಮೇಲೆ ಅದು ಮೀರಬಾರದ ಗರಿಷ್ಠ ತೂಕ 7,000 ಪೌಂಡ್, ಅಂದರೆ ಸುಮಾರು 3,175 ಕಿಲೊ.

ಆದ್ದರಿಂದ ಪಿಕಪ್ ಟ್ರಕ್ ಬೇಕು. ಬೇಸಿಗೆ ರಜೆಗೆ ಮೊದಲು ಬೇಕು, ಹೊಸದೇ ಆಗಬೇಕೆಂದಿಲ್ಲ. ಆರು ತಿಂಗಳಿಗೆಂದು ಬಂದಿರುವ ಅಪ್ಪನನ್ನೂ ಸೇರಿಸಿ ಐದು ಜನ ಕೂರುವಂತಿರಬೇಕು.

ಮಾರ್ಚ್, ಮೊದಲ ವಾರ

ಮೊದಲು ನೋಡಿದ್ದು ಇಲ್ಲಿ ‘ಹಾಫ್ ಟನ್’ ಎಂದು ಕರೆಯುವ ವರ್ಗದ ಟ್ರಕ್‌ಗಳನ್ನು. ಫೋರ್ಡ್ ಎಫ್-150, ರ‍್ಯಾಮ್ 1500, ಶೆವ್ರೊಲೆ ಸಿಲ್ವರಾಡೊ 1500, ಟೊಯೊಟ ಟಂಡ್ರ ಇವೆಲ್ಲ ಈ ವರ್ಗಕ್ಕೆ ಸೇರಿದವು. ಅರ್ಧ ಟನ್ ಹೊರುತ್ತಿದ್ದ ಕಾಲದಲ್ಲಿ ಬಂದ ಹೆಸರು ಅದು. ಈಗ ಹೊರುವ ಭಾರ ಅದಕ್ಕಿಂತ ಎಷ್ಟೋ ಹೆಚ್ಚಾಗಿದ್ದರೂ ಹೆಸರು ಹಾಗೆಯೇ ಉಳಿದಿದೆ.

ಮಾರಾಟಗಾರನೊಬ್ಬ ಚರ್ಮದ ಸೀಟು, ಗಾಜಿನ ಮಾಡು, ತಾನಾಗಿ ಇಳಿಯುವ ಮೆಟ್ಟಿಲು ಎಲ್ಲ ಇದ್ದ ಟ್ರಕ್ಕೊಂದನ್ನು ತೋರಿಸಿ, ಇದು 11,300 ಪೌಂಡ್ ಎಳೆಯುತ್ತದೆ, ನಿಮ್ಮ ಟ್ರೇಲರ್ ಇದಕ್ಕೆ ಆಟಿಕೆ ಎಂದ. ನನಗೂ ಆ ಲೆಕ್ಕ ಸರಿಯೆನಿಸಿತು. ಏಳು ಸಾವಿರದ ಮುಂದೆ ಹನ್ನೊಂದು ಸಾವಿರ ಇದ್ದರೆ ಇನ್ನೇನು ಬೇಕು? ಕಾಗದಕ್ಕೆ ಸಹಿ ಹಾಕುವುದಕ್ಕೆ ಮುಂಚೆ ಚಾಲಕನ ಬಾಗಿಲು ತೆರೆದು, ಕಂಬದ ಮೇಲೆ ಅಂಟಿಸಿರುವ ಹಳದಿ ಪಟ್ಟಿಯ ಚೀಟಿಯನ್ನು ಓದಿದ್ದು ನನ್ನ ಹೆಂಡತಿ. ಕೂರುವವರ ಮತ್ತು ಸಾಮಾನಿನ ಒಟ್ಟು ತೂಕ 1,340 ಪೌಂಡನ್ನು ಎಂದೂ ಮೀರಬಾರದು ಎಂದು ಅದರಲ್ಲಿ ಬರೆದಿತ್ತು. ‘ಟ್ರೇಲರ್ ಇದರ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ?’ ಎಂದು ಅವಳು ಕೇಳಿದಾಗ ಮಾರಾಟಗಾರ, ಅದು ಹಿಂದೆ ಉರುಳಿಕೊಂಡು ಬರುವ ವಸ್ತು, ಇದರ ಲೆಕ್ಕಕ್ಕೆ ಹೇಗೆ ಬಂದೀತು ಎಂದು ನಕ್ಕ. ನಾವು ನಾಳೆ ಬರುತ್ತೇವೆಂದು ಹೇಳಿ ಎದ್ದು ಬಂದೆವು.

ಮಾರ್ಚ್, ಎರಡನೆಯ ವಾರ

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಊಟದ ಮೇಜಿನ ಮುಂದೆ. ಅಪ್ಪ ಮಂಡ್ಯದ ಕಡೆಯ ರೈತರು. ಪ್ರಾಯದಲ್ಲಿ ಎತ್ತಿನ ಗಾಡಿಯಲ್ಲಿ ಕಬ್ಬು ಹೇರಿಕೊಂಡು ಸಕ್ಕರೆ ಕಾರ್ಖಾನೆಗೆ ಹೋಗುತ್ತಿದ್ದವರು. ನಾನು ಟ್ರೇಲರಿನ ಚಿತ್ರ ಬರೆದು ತೋರಿಸಿದಾಗ ಅವರು ಚಕ್ರಗಳ ಮೇಲೆ ಬೆರಳಿಟ್ಟು, ‘ಮಗಾ, ಇದು ನಮ್ಮ ಗಾಡಿನೇ ಅಲ್ವಾ? ಮೂಕಿ ಮೇಲೆ ಎಷ್ಟು ಭಾರ ಬೀಳ್ತದೆ ಹೇಳು’ ಎಂದರು. ಕಬ್ಬನ್ನು ತೀರ ಮುಂದಕ್ಕೆ ಹೇರಿದರೆ ನೊಗ ಎತ್ತುಗಳ ಹೆಗಲನ್ನು ತುಳಿಯುತ್ತದೆ. ಹಿಂದಕ್ಕೆ ಹೇರಿದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ ಮತ್ತು ಗಾಡಿ ದಾರಿಯುದ್ದಕ್ಕೂ ಎಳೆದಾಡುತ್ತದೆ. ಹೇರುವವನ ಜಾಣತನವೆಲ್ಲ ಇವೆರಡರ ನಡುವಿನ ಹದ ಹಿಡಿಯುವುದರಲ್ಲಿತ್ತು ಎಂದು ಅವರು ವಿವರಿಸಿದರು.

ಇಲ್ಲಿಯವರು ಟಂಗ್ ವೇಟ್ ಎನ್ನುವುದು ಈ ಮೂಕಿ ಭಾರವನ್ನೇ. ಟ್ರಾವೆಲ್ ಟ್ರೇಲರಿನಲ್ಲಿ ಅದು ಒಟ್ಟು ತೂಕದ ಶೇಕಡ 10ರಿಂದ 15ರಷ್ಟಿರಬೇಕು. ಅದಕ್ಕಿಂತ ಕಡಿಮೆಯಾದರೆ, ಹೆದ್ದಾರಿಯ ವೇಗದಲ್ಲಿ ದೊಡ್ಡ ಲಾರಿಯೊಂದು ಗಾಳಿ ಬೀಸಿಕೊಂಡು ಪಕ್ಕದಲ್ಲಿ ಹಾದುಹೋದ ಕೂಡಲೇ ಟ್ರೇಲರ್ ಮೀನಿನ ಬಾಲದಂತೆ ಅತ್ತಿತ್ತ ಹೊಯ್ದಾಡಲು ತೊಡಗಬಹುದು. ಹೊಯ್ದಾಟ ಬೆಳೆದರೆ ಟ್ರಕ್ಕನ್ನೂ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಮೂಕಿ ಭಾರವನ್ನು ತಗ್ಗಿಸಿ ಟ್ರಕ್ಕಿಗೆ ಉಪಕಾರ ಮಾಡುತ್ತೇನೆಂದು ಹೊರಡುವಂತಿಲ್ಲ. ಆ ಭಾರವಿಡೀ ಟ್ರಕ್ಕಿನ ಹಿಂಭಾಗದ ಮೇಲೆ ಕೂರುತ್ತದೆ, ಬಾಗಿಲಿನ ಚೀಟಿಯ ಪೇಲೋಡ್, ಅಂದರೆ ಟ್ರಕ್ ಹೊರಬಲ್ಲ ಭಾರದ ಲೆಕ್ಕಕ್ಕೆ ಸೇರಿಯೇ ಸೇರುತ್ತದೆ. ಮಾರಾಟಗಾರನ ನಗುವಿಗೆ ಆಧಾರವಿರಲಿಲ್ಲ.

ಆ ರಾತ್ರಿಯೇ ಲೆಕ್ಕ ಹಾಕಿದೆ. ಪ್ರಯಾಣಕ್ಕೆ ಸಿದ್ಧವಾದ ಟ್ರೇಲರ್ 6,600 ಪೌಂಡ್ ಎಂದಿಟ್ಟುಕೊಂಡು ಶೇಕಡ 13ರಂತೆ ಮೂಕಿ ಭಾರ 860. ಐದು ಜನರ ತೂಕ 615. ಟ್ರೇಲರನ್ನು ಟ್ರಕ್ಕಿಗೆ ಸಿಕ್ಕಿಸುವ, ಭಾರ ಹಂಚುವ ಹಿಚ್ಚಿನದು 100. ಟ್ರಕ್ಕಿನ ಹಿಂದಿನ ತೊಟ್ಟಿಯಲ್ಲಿ ಜನರೇಟರ್, ಕುರ್ಚಿ, ಸೌದೆ, ಐಸ್ ಪೆಟ್ಟಿಗೆ ಸೇರಿ 200. ಒಟ್ಟು 1,775 ಪೌಂಡ್. ಹನ್ನೊಂದು ಸಾವಿರ ಎಳೆಯಬಲ್ಲ ಆ ಸಿಂಗಾರದ ಟ್ರಕ್ಕು ನಮ್ಮ ಏಳು ಸಾವಿರದ ಟ್ರೇಲರಿನ ಮುಂದೆ 435 ಪೌಂಡ್ ಸೋತಿತ್ತು.

ಮಾರ್ಚ್, ಕೊನೆಯ ವಾರ

ಹಾಗಾದರೆ ಜಾಹೀರಾತಿನ ಸಂಖ್ಯೆ ಸುಳ್ಳೇ? ಅಲ್ಲ. ಎಸ್‌ಎಇ ಜೆ2807 ಎಂಬ, ವಾಹನ ಎಂಜಿನಿಯರುಗಳ ಸಂಸ್ಥೆಯ ಮಾನದಂಡ ಬಂದ ಮೇಲೆ ಆ ಸಂಖ್ಯೆಗೆ ಒಂದು ಶಿಸ್ತು ಬಂದಿದೆ. ಟೊಯೊಟ 2011ರ ಮಾದರಿಗಳಿಂದಲೇ ಅದನ್ನು ಒಪ್ಪಿಕೊಂಡಿತು; ಡೆಟ್ರಾಯಿಟಿನ ಮೂರು ಕಂಪನಿಗಳು (ಫೋರ್ಡ್, ಜಿಎಂ, ಕ್ರೈಸ್ಲರ್) 2015ರ ಹೊತ್ತಿಗೆ ಅದೇ ದಾರಿ ಹಿಡಿದವು. ಅರಿಜೋನದ ಡೇವಿಸ್ ಡ್ಯಾಮ್ ಬಳಿಯ ಸುಮಾರು 11 ಮೈಲಿ ಉದ್ದದ ಏರನ್ನು ಸುಡುಬಿಸಿಲಿನಲ್ಲಿ, ಏಸಿ ಚಾಲೂ ಇಟ್ಟುಕೊಂಡು, ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕೆಂಬುದು ಅದರ ಪರೀಕ್ಷೆಗಳಲ್ಲೊಂದು. ಎಂಜಿನ್, ಗೇರು, ಬ್ರೇಕುಗಳ ಮಟ್ಟಿಗೆ ಅದು ಪ್ರಾಮಾಣಿಕ ಪರೀಕ್ಷೆಯೇ. ಆದರೆ ಟ್ರಕ್ಕಿನೊಳಗೆ ಕೂತಿರುವುದು ತಲಾ 150 ಪೌಂಡಿನ ಇಬ್ಬರು ಎಂದು ಅದು ಭಾವಿಸುತ್ತದೆ. ನಮ್ಮ ಮಕ್ಕಳು, ಅಪ್ಪ, ಸೌದೆ, ಇಡ್ಲಿ ಪಾತ್ರೆ ಅದರಲ್ಲಿಲ್ಲ.

ಆಮೇಲೆ ನೋಡಿದ ಪ್ರತಿಯೊಂದು ಟ್ರಕ್ಕಿನ ಚೀಟಿಯ ಫೋಟೊ ಹಿಡಿದಿದ್ದೇನೆ. ಒಂದೇ ಕಂಪನಿಯ, ಒಂದೇ ವರ್ಷದ, ಒಂದೇ ಎಂಜಿನ್ನಿನ ಎರಡು ಟ್ರಕ್‌ಗಳ ನಡುವೆ 500 ಪೌಂಡ್ ವ್ಯತ್ಯಾಸ ಕಂಡಿತು. ಗಾಜಿನ ಮಾಡು, ಮೋಟಾರು ಸೀಟು, ದೊಡ್ಡ ಚಕ್ರ ಎಲ್ಲಕ್ಕೂ ತೂಕವಿದೆ ಮತ್ತು ಆ ತೂಕ ನಮ್ಮ ಪೇಲೋಡಿನಿಂದಲೇ ಕಳೆಯುತ್ತದೆ. ಆದ್ದರಿಂದ ಮಾದರಿಯ ಹೆಸರು ಹಿಡಿದು ಹುಡುಕುವುದನ್ನು ಬಿಟ್ಟು, ಕಣ್ಣೆದುರಿಗಿರುವ ಆ ಒಂದು ಟ್ರಕ್ಕಿನ ಚೀಟಿಯನ್ನೇ ಓದಬೇಕು. ಹಿಂದಿನ ಆ್ಯಕ್ಸಲಿಗೆ ಗಾಳಿಚೀಲ ಹಾಕಿಸಿದರೆ ಸರಿಹೋಗುತ್ತದೆಂದು ಸ್ನೇಹಿತರೊಬ್ಬರು ಸಲಹೆ ಕೊಟ್ಟರು. ಅದರಿಂದ ಟ್ರಕ್ಕಿನ ಹಿಂಭಾಗ ಮಟ್ಟಸವಾಗಿ ನಿಲ್ಲಬಹುದು, ಚೀಟಿಯ ಸಂಖ್ಯೆ ಬದಲಾಗುವುದಿಲ್ಲ.

ಏಪ್ರಿಲ್, ಮೂರನೆಯ ವಾರ

ಕಣದಲ್ಲಿ ಮೂರು ಉಳಿದವು. ಮೊದಲನೆಯದು ಸರಳ ಸಜ್ಜಿನ ಎಫ್-150. 3.5 ಲೀಟರಿನ ಟರ್ಬೊ ವಿ6, 400 ಅಶ್ವಶಕ್ತಿ. ಚೀಟಿಯಲ್ಲಿ 1,870 ಪೌಂಡ್. ಎರಡನೆಯದು ಡೀಸೆಲ್ ಎಂಜಿನ್ನಿನ ಮುಕ್ಕಾಲು ಟನ್ ಟ್ರಕ್. ಅದರ ಚೀಟಿಯನ್ನು ನೋಡಿ ನನಗೆ ಅಚ್ಚರಿಯಾಯಿತು: ಕೇವಲ 2,050. ಡೀಸೆಲ್ ಎಂಜಿನ್ನೇ ಭಾರವಾಗಿರುವುದರಿಂದ, ಒಟ್ಟು ತೂಕದ ಮಿತಿಯನ್ನು 10,000 ಪೌಂಡಿಗೆ ನಿಲ್ಲಿಸಿದ ಟ್ರಕ್‌ಗಳಲ್ಲಿ ಹೊರೆಗೆ ಉಳಿಯುವ ಪಾಲು ಇಷ್ಟೇ. ಮೂರನೆಯದು 7.3 ಲೀಟರಿನ ಪೆಟ್ರೋಲ್ ವಿ8 ಇರುವ 2021ರ ಎಫ್-250. ಅದರ ಚೀಟಿಯಲ್ಲಿ 3,080 ಪೌಂಡ್.

ಇಲ್ಲಿ ನಾನು ಮೂರು ವಾರ ಒದ್ದಾಡಿದೆ, ಏಕೆಂದರೆ ನಾವಿರುವುದು ಬಯಲುಸೀಮೆಯಲ್ಲ. ಡೆನ್ವರ್ ಸಮುದ್ರಮಟ್ಟದಿಂದ 5,280 ಅಡಿ ಎತ್ತರದಲ್ಲಿದೆ. ಪಶ್ಚಿಮಕ್ಕೆ ಹೊರಟರೆ ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲೆ. ಟರ್ಬೊ ಇಲ್ಲದ ಎಂಜಿನ್ನು ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಎಂದರೆ ಎಫ್-250ರ 430 ಅಶ್ವಶಕ್ತಿಯಲ್ಲಿ ಮೂರನೇ ಒಂದು ಪಾಲು ಸುರಂಗದ ಬಾಯಿ ತಲುಪುವಷ್ಟರಲ್ಲಿ ತೆಳುಗಾಳಿಗೆ ಹೋಗಿರುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಜಿನ್ನಿಗೆ ಈ ನಷ್ಟ ಬಹಳ ಕಡಿಮೆ. ಹತ್ತುವ ಶಕ್ತಿಯಲ್ಲಿ ಎಫ್-150, ಹೊರುವ ಶಕ್ತಿಯಲ್ಲಿ ಎಫ್-250. ಎರಡನ್ನೂ ಒಟ್ಟಿಗೆ ಕೊಡುವ ಟ್ರಕ್ ನಮ್ಮ ಜೇಬಿನ ಅಳತೆಯಲ್ಲಿರಲಿಲ್ಲ.

ಕೊನೆಗೆ ನಾನು ತೂಗಿ ನೋಡಿದ್ದು ಯಾವ ಕೊರತೆ ಎಂಥ ಹೊತ್ತಿನಲ್ಲಿ ಕಾಡುತ್ತದೆ ಎಂಬುದನ್ನು. ಎಂಜಿನ್ ಶಕ್ತಿ ಸಾಲದಿದ್ದರೆ ಬಲಗಡೆಯ ಪಥ ಹಿಡಿದು ಲಾರಿಗಳ ಹಿಂದೆ ನಿಧಾನವಾಗಿ ಹತ್ತಬಹುದು. ಸ್ಪ್ರಿಂಗು, ಟೈರು, ಆ್ಯಕ್ಸಲುಗಳ ಶಕ್ತಿ ಸಾಲದಿದ್ದರೆ ಅದು ಇಳಿಜಾರಿನ ತಿರುವಿನಲ್ಲಿ, ಅಡ್ಡಗಾಳಿಯಲ್ಲಿ, ಮಕ್ಕಳು ಹಿಂದೆ ನಿದ್ದೆಹೋಗಿರುವಾಗ ಗೊತ್ತಾಗುತ್ತದೆ. ಚಕ್ರಾಂತರವೂ ಎಫ್-250ರ ಪರವಾಗಿ ನಿಂತಿತು: ಅದರದ್ದು 160 ಅಂಗುಲ, ನಾವು ನೋಡಿದ ಎಫ್-150ರದ್ದು 145. ಮುಂದಿನ ಹಿಂದಿನ ಚಕ್ರಗಳ ನಡುವಣ ಅಂತರ ಹೆಚ್ಚಿದಷ್ಟೂ ಹಿಂದಿನಿಂದ ಟ್ರೇಲರ್ ತಳ್ಳಾಡುವುದನ್ನು ಟ್ರಕ್ ಚೆನ್ನಾಗಿ ತಡೆಯುತ್ತದೆ.

ಎಫ್-250 ಕೊಂಡೆವು. ಅದು 250 ಅಂಗುಲ ಉದ್ದ, ನಮ್ಮ ಗ್ಯಾರೇಜಿನ ಒಳಅಳತೆ 240. ಈ ವಿಷಯ ನಮ್ಮ ಮನೆಯಲ್ಲಿ ಇನ್ನೂ ಚರ್ಚೆಯಲ್ಲಿದೆ.

ಮೇ, ಎರಡನೆಯ ವಾರ

ಹಿಚ್ಚು ಜೋಡಿಸಲು ಒಂದು ಶನಿವಾರವಿಡೀ ಹಿಡಿಯಿತು. ಟ್ರಕ್ಕಿನಲ್ಲಿ ಬ್ರೇಕ್ ಕಂಟ್ರೋಲರ್ ಮೊದಲೇ ಇದ್ದುದರಿಂದ, ಏಳು ಪಿನ್ನಿನ ಪ್ಲಗ್ ಸಿಕ್ಕಿಸಿದ ಕೂಡಲೇ ಟ್ರೇಲರಿನ ವಿದ್ಯುತ್ ಬ್ರೇಕುಗಳು ಅದರ ಹಿಡಿತಕ್ಕೆ ಬಂದವು. ಖಾಲಿ ಮೈದಾನದಲ್ಲಿ ಗಂಟೆಗೆ 20 ಮೈಲಿ ವೇಗದಲ್ಲಿ ಹೋಗುತ್ತ, ಕಂಟ್ರೋಲರಿನ ಸಣ್ಣ ಹಿಡಿಯನ್ನು ಒತ್ತಿ ಟ್ರೇಲರ್ ಬ್ರೇಕನ್ನಷ್ಟೇ ಹಾಕುವ ಅಭ್ಯಾಸವನ್ನು ಹತ್ತಾರು ಸಲ ಮಾಡಿದೆ. ಟ್ರೇಲರ್ ಹೊಯ್ದಾಡಿದಾಗ ಒತ್ತಬೇಕಾದದ್ದು ಆ ಹಿಡಿಯನ್ನು. ಗಾಬರಿಯಿಂದ ಕಾಲ ಬ್ರೇಕನ್ನು ಜೋರಾಗಿ ತುಳಿದರೆ ಟ್ರೇಲರ್ ಟ್ರಕ್ಕನ್ನು ಹಿಂದಿನಿಂದ ನೂಕುತ್ತದೆ.

ಮೇ, ಕೊನೆಯ ವಾರ

ತೂಕ ಹಾಕಿಸಿದೆವು. ಹೆದ್ದಾರಿ ಬದಿಯ ಟ್ರಕ್ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಗಳಿವೆ. ಮುಂದಿನ ಆ್ಯಕ್ಸಲ್, ಹಿಂದಿನ ಆ್ಯಕ್ಸಲ್, ಟ್ರೇಲರ್ ಮೂರೂ ಬೇರೆಬೇರೆ ಹಾಸಿನ ಮೇಲೆ ನಿಂತು ಒಂದೇ ಚೀಟಿಯಲ್ಲಿ ಮೂರು ತೂಕ ಸಿಗುತ್ತದೆ. ಕಾರ್ಖಾನೆಯ ವೇಬ್ರಿಡ್ಜಿನ ಮುಂದೆ ರಾತ್ರಿಯೆಲ್ಲ ಸರದಿ ಕಾದ ಅಪ್ಪನಿಗೆ, ಗಾಡಿಯಿಂದ ಇಳಿಯದೆ ಎರಡು ನಿಮಿಷದಲ್ಲಿ ಮುಗಿದ ಈ ತೂಕದ ಮೇಲೆ ಅಷ್ಟಾಗಿ ನಂಬಿಕೆ ಬರಲಿಲ್ಲ. ಚೀಟಿಯನ್ನು ಇಸಿದುಕೊಂಡು ಮೂರೂ ಅಂಕಿಗಳನ್ನು ಬೆರಳ ಮೇಲೆ ಕೂಡಿ ನೋಡಿದ ಬಳಿಕವೇ ಹಿಂದಿರುಗಿಸಿದರು.

ಐದೂ ಜನ, ಪೂರ್ತಿ ಪೆಟ್ರೋಲು, ಹಿಚ್ಚು, ಸಾಮಾನು ಸೇರಿ ಟ್ರಕ್ ಒಂದೇ 7,840 ಪೌಂಡ್ ತೂಗಿತು. ಮುಂದೆ 4,280, ಹಿಂದೆ 3,560. ಟ್ರೇಲರ್ ಸಿಕ್ಕಿಸಿ, ಭಾರ ಹಂಚುವ ಸಲಾಕೆಗಳನ್ನು ಬಿಗಿಯದೆ ತೂಗಿದಾಗ ಮುಂದೆ 3,960, ಹಿಂದೆ 4,800, ಟ್ರೇಲರ್ ಚಕ್ರಗಳ ಮೇಲೆ 5,740. ಅಂದರೆ ಮೂಕಿ ಭಾರ 920 ಪೌಂಡ್, ಟ್ರೇಲರಿನ ನಿಜವಾದ ತೂಕ 6,660. ಹಿಂದಿನ ಆ್ಯಕ್ಸಲಿನ ಆಚೆ ಕೂತ ಭಾರ ಏತದಂತೆ ಕೆಲಸ ಮಾಡಿ ಮುಂದಿನ ಚಕ್ರಗಳಿಂದ 320 ಪೌಂಡನ್ನು ಎತ್ತಿಬಿಟ್ಟಿತ್ತು. ಸ್ಟಿಯರಿಂಗ್ ಹಗುರವಾಗುವುದು, ರಾತ್ರಿಯಲ್ಲಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದು ಇದರಿಂದಲೇ. ಸಲಾಕೆಗಳನ್ನು ಬಿಗಿದು ಮತ್ತೆ ತೂಗಿದಾಗ ಮುಂದೆ 4,120, ಹಿಂದೆ 4,500, ಟ್ರೇಲರ್ ಮೇಲೆ 5,880. ಕಳೆದುಹೋದ ಭಾರದಲ್ಲಿ ಸರಿಯಾಗಿ ಅರ್ಧ ಮುಂದಕ್ಕೆ ಮರಳಿತು.

ನನ್ನ ಅಂದಾಜು 860 ಇದ್ದದ್ದು 920 ಆಗಲು ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎರಡು ಗ್ಯಾಸ್ ಸಿಲಿಂಡರುಗಳು, ಎರಡು ಬ್ಯಾಟರಿಗಳು ಟ್ರೇಲರಿನ ಮೂತಿಯ ಮೇಲಿವೆ. ಮುಂದಿನ ಸಾಮಾನು ಗೂಡಿನಲ್ಲಿ ನನ್ನ ಹೆಂಡತಿ ಕಲ್ಲಿನ ಗ್ರೈಂಡರನ್ನೂ ಇಟ್ಟಿದ್ದಳು. ಅಂದು ಎಫ್-150 ಕೊಂಡಿದ್ದರೆ ಇವತ್ತಿನ ಹೊರೆ 1,835 ಆಗಿ, 35 ಪೌಂಡ್ ಮಾತ್ರ ಉಳಿಯುತ್ತಿತ್ತು. ಅದರಲ್ಲಿ 20 ಪೌಂಡ್ ಸೋನಾ ಮಸೂರಿ ಚೀಲಕ್ಕೆ ಹೋಗುತ್ತಿತ್ತು.

ಜೂನ್, ಮೊದಲ ವಾರ

ಡಿಲನ್ ಸರೋವರದ ಕಡೆಗೆ ಮೊದಲ ಪ್ರಯಾಣ ಮುಗಿಯಿತು. ಸುರಂಗಕ್ಕೆ ಮುಂಚಿನ ಏರಿನಲ್ಲಿ ಎಂಜಿನ್ನು ನಾಲ್ಕು ಸಾವಿರ ಸುತ್ತಿನ ಮೇಲೆ ಅರಚುತ್ತಿತ್ತು, ವೇಗ ಗಂಟೆಗೆ 42 ಮೈಲಿಗೆ ಇಳಿಯಿತು. ನಮ್ಮನ್ನು ಹಿಂದಿಕ್ಕಿದ ಡೀಸೆಲ್ ಟ್ರಕ್‌ಗಳನ್ನು ಮಗ ಎಣಿಸುತ್ತಿದ್ದ, ಹದಿನಾಲ್ಕಕ್ಕೆ ನಿಲ್ಲಿಸಿದ. ಸುರಂಗದಾಚೆಯ ಕಡಿದಾದ ಇಳಿಜಾರಿನಲ್ಲಿ ಭಾರ ಎಳೆಯುವಾಗ ಬಳಸುವ ಟೋ-ಹಾಲ್ ಗುಂಡಿಯನ್ನು ಒತ್ತಿ ಕೆಳಗಿನ ಗೇರಿನಲ್ಲಿ ಬಿಟ್ಟಾಗ ಎಂಜಿನ್ನೇ ಎರಡು ವಾಹನಗಳನ್ನೂ ಹಿಡಿದುಕೊಂಡಿತು. ಕಾಲ ಬ್ರೇಕನ್ನು ಕೆಳಗೆ ಬರುವತನಕ ಐದಾರು ಸಲ ಮುಟ್ಟಿರಬಹುದು. ತಂಗುದಾಣದಲ್ಲಿ ಇಳಿದವರೇ ಅಪ್ಪ ಟ್ರೇಲರಿನ ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಹಿಡಿದು ಕಾವು ನೋಡಿಕೊಂಡು ಬಂದರು. ಟ್ರೇಲರಿನ ಎಡಗಡೆಯ ಹಿಂಚಕ್ರ ಉಳಿದವಕ್ಕಿಂತ ಬಿಸಿಯಾಗಿತ್ತು. ಬರುವ ಶನಿವಾರ ಅದನ್ನು ಬಿಚ್ಚಿ ಬೇರಿಂಗನ್ನೂ ಬ್ರೇಕ್ ಹೊಂದಾಣಿಕೆಯನ್ನೂ ನೋಡಬೇಕು.