ಕೊನೆಗೂ ಚಿಗುರಿದ ಕರ್ಚಿಕಾಯಿ

ಮೂರನೆಯ ಮಳೆಗಾಲಕ್ಕೆ ರಾಯಚೂರಿನ ನಮ್ಮ ಮಾಳಿಗೆಯ ಮೇಲೆ ಕರ್ಚಿಕಾಯಿ ಬಳ್ಳಿ ಕಾಯಿ ಬಿಟ್ಟಿದೆ! ಹಬ್ಬಕ್ಕೆ ಕರಿಯುವ ಕರ್ಜಿಕಾಯಿಯಲ್ಲ. ಎರೆ ಹೊಲದ ಬದುವಿನಲ್ಲಿ ಮಳೆ ಬಿದ್ದೊಡನೆ ತಾನಾಗಿ ಹಬ್ಬುವ, ಮೈತುಂಬ ಏಣುಗಳಿರುವ, ಹೆಬ್ಬೆರಳ ತುದಿಯಷ್ಟಿರುವ ಕಹಿ ಕಾಯಿ. ನಾನು ಚಿಕ್ಕವನಿದ್ದಾಗ ಅವ್ವ ಸಂತೆಯಿಂದ ಸೇರುಗಟ್ಟಲೆ ತರುತ್ತಿದ್ದಳು. ಈಗ ಕಾಲು ಕಿಲೋ ಸಿಕ್ಕರೆ ಪುಣ್ಯ.

ಹಂದರ, ಕುಂಡಗಳ ವಿಷಯ ನಿಮಗೆ ಗೊತ್ತಿರುವುದೇ. ನನ್ನನ್ನು ಕಾಡಿದ್ದು ಗೆಡ್ಡೆ; ಬಳ್ಳಿ ಒಣಗಿದರೂ ಮಣ್ಣಿನೊಳಗೆ ಉಳಿದು, ಮಳೆಗೆ ಮತ್ತೆ ಚಿಗುರುವುದು ಅದೇ.

ಅದಕ್ಕೂ ಮೊದಲು ಬೀಜದ ಕಥೆ. ಆನ್‌ಲೈನ್ ಮಾರಾಟಗಾರನೊಬ್ಬ ಹತ್ತು ಬೀಜಕ್ಕೆ 180 ರೂಪಾಯಿ ತೆಗೆದುಕೊಂಡ. ಸಸಿಯ ಎಲೆಗಳು ಬುಡದವರೆಗೆ ಸೀಳಿಕೊಂಡು ಬಂದವು. ಕರ್ಚಿಯ ಎಲೆ ದುಂಡಗಿರುತ್ತದೆ, ಅಂಚು ಮಾತ್ರ ತುಸು ಸೀಳಿರುತ್ತದೆ. ಬಂದದ್ದು ಸಾದಾ ಹಾಗಲ! ದೂರಿದರೆ ‘ಎರಡೂ ಒಂದೇ ಜಾತಿ ಸರ್’ ಎಂದ. ಕುಲ (ಹತ್ತಿರದ ಹಲವು ಜಾತಿಗಳ ಗುಂಪು) ಒಂದೇ, ಮೊಮೊರ್ಡಿಕಾ, ನಿಜ. ಬದನೆ ಮತ್ತು ಆಲೂಗಡ್ಡೆಯ ಕುಲವೂ ಒಂದೇ. ಬದನೆ ಕೇಳಿದವರಿಗೆ ಆಲೂಗಡ್ಡೆ ತೂಗುತ್ತಾರೆಯೇ?

ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್ ಇದನ್ನು ಹೀರೆಯ ಗುಂಪಿಗೆ ಸೇರಿಸಿ ‘ಲುಫಾ ಟ್ಯೂಬರೋಸಾ’ ಎಂದಿದ್ದ. ಗೆಡ್ಡೆಯ ಹೀರೆ! ಆ ಹೆಸರು ಕಣ್ಣಿಗೆ ಬಿದ್ದ ಮೇಲೆ ಬೀಜದ ಗೊಡವೆ ಬಿಟ್ಟೆ. ಡಿಸೆಂಬರ್‌ನಲ್ಲಿ ಲಿಂಗಸುಗೂರು ಕಡೆಯ ಹೊಲವೊಂದರಲ್ಲಿ ತೊಗರಿ ಕೊಯ್ಯುತ್ತಿದ್ದ ಅಕ್ಕ ನಾಲ್ಕು ಗೆಡ್ಡೆ ಅಗೆದು ಕೊಟ್ಟಳು. ತೆಂಗಿನ ನಾರಿನ ಪುಡಿ, ಎರೆಹುಳು ಗೊಬ್ಬರ ಕಲಸಿ ನೆಟ್ಟೆ. ರಾಯಚೂರಿನ ಬಿಸಿಲು ಗೊತ್ತಲ್ಲ, ಒಣಗೀತೆಂದು ದಿನ ಬಿಟ್ಟು ದಿನ ನೀರು ಹಾಕಿದೆ. ಮೇ ತಿಂಗಳಲ್ಲಿ ಕೆದಕಿ ನೋಡಿದರೆ ಗೆಡ್ಡೆಯ ಸಿಪ್ಪೆ ಹಾಗೇ ಇತ್ತು. ಹೆಬ್ಬೆರಳಿನಿಂದ ಒತ್ತಿದೊಡನೆ ಒಳಗಿನಿಂದ ಹುಳಿ ವಾಸನೆಯ ಕಂದು ನೀರು ಚಿಮ್ಮಿತು. ನಾಲ್ಕೂ ಹಾಗೆಯೇ. ಅಂದು ಊಟ ಸೇರಲಿಲ್ಲ.

ಮರು ಡಿಸೆಂಬರ್‌ನಲ್ಲಿ ಮತ್ತೆ ಅದೇ ಹೊಲಕ್ಕೆ ಹೋದೆ. ನನ್ನ ಕಥೆ ಕೇಳಿ ಅಕ್ಕ ಕೇಳಿದ್ದು ಇಷ್ಟೇ: ‘ಬೇಸಿಗೆಯಲ್ಲಿ ಈ ಹೊಲಕ್ಕೆ ಯಾರು ನೀರು ಹಾಕುತ್ತಾರೆ, ತಮ್ಮಾ?’

ಈ ಸಲ ಗೆಡ್ಡೆಯ ಜೊತೆ ಅದೇ ಹೊಲದ ಎರೆ ಮಣ್ಣನ್ನೂ ಚೀಲದಲ್ಲಿ ತಂದೆ. ಗೊಬ್ಬರವಿಲ್ಲ, ಹನಿ ನೀರಿಲ್ಲ. ಏಪ್ರಿಲ್ ಹೊತ್ತಿಗೆ ಕುಂಡದ ಮಣ್ಣು ಬೆರಳು ತೂರುವಷ್ಟು ಬಿರಿಯಿತು. ನೀರಿನ ಚೊಂಬು ಹಿಡಿದು ಎಷ್ಟು ಸಲ ಹತ್ತಿರ ಹೋಗಿ ಮರಳಿದೆನೋ! ಮೃಗಶಿರ ಮಳೆ ಬಿದ್ದ ಎಂಟನೆಯ ದಿನ ಬಿರುಕಿನೊಳಗಿಂದ ದಾರದಷ್ಟು ತೆಳ್ಳಗಿನ ಕುಡಿಯೊಂದು ತಲೆ ಹೊರಹಾಕಿತ್ತು. ಮನೆಯವರನ್ನೆಲ್ಲ ಕೂಗಿ ಮಾಳಿಗೆ ಹತ್ತಿಸಿದೆ.

ಮೊದಲು ಗಂಡು ಹೂಗಳೇ ಬಂದವು; ಗಾಬರಿಯಾಗಬೇಡಿ. ಹಿಂದೆಯೇ ಒಂಟಿ ಹೆಣ್ಣು ಹೂ, ಬೆನ್ನಿಗೆ ಪುಟಾಣಿ ಕಾಯಿ ಕಟ್ಟಿಕೊಂಡೇ ಬರುತ್ತದೆ. ಒಂದೇ ಬಳ್ಳಿಯಲ್ಲಿ ಎರಡೂ ಇರುವುದರಿಂದ, ಗಂಡು ಹೆಣ್ಣು ಬಳ್ಳಿ ಬೇರೆಬೇರೆಯಾಗಿರುವ ಮಡಹಾಗಲದಂತೆ ಗಂಡು ಬಳ್ಳಿ ಹುಡುಕುವ ಕೆಲಸವಿಲ್ಲ.

ಈ ಧೈರ್ಯದ ಮೇಲೆ ಈಗ ಸಂಡೂರು ಗುಡ್ಡದ ಮಾಕಳಿ ಬೇರಿನ ಮೇಲೆ ಕಣ್ಣು ಬಿದ್ದಿದೆ. ಉಪ್ಪಿನಕಾಯಿಗೆಂದು ಬುಡಸಮೇತ ಅಗೆಯುತ್ತಾರೆ, ಗಿಡವೇ ಹೋಗುತ್ತದೆ. ಅದಕ್ಕೆ ಆಳದ ಡ್ರಮ್ಮು, ಕಲ್ಲು ಬೆರೆತ ಕೆಂಪು ಮಣ್ಣು ಹೊಂದಿಸುತ್ತಿದ್ದೇನೆ. ಬೀಜದಿಂದ ಎಬ್ಬಿಸಿದವರಿದ್ದರೆ ದಯವಿಟ್ಟು ತಿಳಿಸಿ.

ಇಂದು ಹನ್ನೊಂದು ಕರ್ಚಿಕಾಯಿ ಕಿತ್ತೆ. ಅವ್ವ ಸೀಳಿ, ಗುರೆಳ್ಳು ಪುಡಿ ತುಂಬಿ ಹುರಿದಳು. ಮೂರು ಕಾಯಿಗಳನ್ನು ಬೀಜಕ್ಕೆಂದು ಬಳ್ಳಿಯಲ್ಲೇ ಬಿಟ್ಟಿದ್ದೇನೆ. ಬಲಿತರೆ ಒಡೆದು ಚೆಲ್ಲುತ್ತವೆ, ಅದಕ್ಕೇ ತೆಳು ಬಟ್ಟೆ ಕಟ್ಟಿದೆ.